ಉಂಡಿಯ ಮರಿಗಳ ತಂದೆ ಕೆಂದ್ಯಾ ಅಲ್ಲ

ರೇಣುಕಾ, ನಿನ್ನ ನಾಯಿ ಉಂಡಿಯನ್ನು ಕೊಂದವನು ನಾನು. ನೀನಲ್ಲ, ನಿನ್ನ ವಿಚಾರವೂ ಅಲ್ಲ. ಅವಳ ಹೊಟ್ಟೆಯಲ್ಲಿದ್ದ ಮರಿಗಳ ತಂದೆ ಅಂಬಿಗರ ಮನೆಯ ಕೆಂದ್ಯಾ ಅಂತ ನಾನು ಹೇಳಿದ್ದು ಸುಳ್ಳು — ಹಣೆಗೆ ಭಂಡಾರ ಹಚ್ಚಿ ಹೇಳಿದ ಸುಳ್ಳು.

ನಾನು ನಾಲ್ಕನೇ ಇಯತ್ತೆಗೆ ಸಾಲೆ ಬಿಟ್ಟವನು. ಇಷ್ಟು ಉದ್ದ ಯಾವತ್ತೂ ಬರೆದಿಲ್ಲ. ಬಾಯಿಂದ ಹೇಳೋಣವೆಂದರೆ ನಿನ್ನ ಮುಖ ಕಂಡ ಕೂಡಲೇ ನನಗೆ ನಗು ಬಂದುಬಿಡುತ್ತದೆ, ಎಲ್ಲ ಮರೆತುಹೋಗುತ್ತದೆ. ಏನು ಮಾಡಲಿ, ಹಿಗ್ಗು ತಡೆಯಲಾಗುವುದಿಲ್ಲ. ಕುರಿ ಕಾಯ್ದ ಮನೆತನದ ಮೊಮ್ಮಗಳು ಬಿಳಿ ಕೋಟು ಹಾಕಿಕೊಂಡು ದನದ ಡಾಕ್ಟರಿಕೆ ಕಲಿಯುತ್ತಿದ್ದಾಳೆ ಅಂತ ಗಲಗಲಿಯಲ್ಲಿ ಬಸ್ಸಿಗೆ ನಿಂತವರಿಗೆಲ್ಲ ಹೇಳಿದ್ದೇನೆ, ಗುರುತಿಲ್ಲದವರಿಗೂ ಹೇಳಿದ್ದೇನೆ. ಹೇಳಿ ಮನೆಗೆ ಬಂದರೆ ಆ ಸುಳ್ಳು ನೆನಪಾಗುತ್ತದೆ. ಅದನ್ನು ಹೇಳಿ ಐದು ವರ್ಷವಾಯಿತು.

ಆಗ ನಿನಗೆ ಹದಿನೇಳು. ನಿನ್ನ ಸೋದರಮಾವ ತಂದುಕೊಟ್ಟ ಪಗ್ ನಾಯಿ — ಉಂಡಿಯ ಹಾಗೆ ಗುಂಡಗೆ ಇದ್ದಳು ಅಂತ ನೀನೇ ಹೆಸರಿಟ್ಟೆ. ಮೂತಿಯೇ ಇಲ್ಲದ ಚಪ್ಪಟೆ ಮುಖ. ಬಿಸಿಲೇರಿದರೆ ಗೊರಗೊರ ಅಂತ ಉಸಿರಿಗೆ ಒದ್ದಾಡುವಳು. ಆ ಹೊತ್ತಿಗೆ ಯಾರಾದರೂ ಹತ್ತಿರ ಹೋದರೆ ಕಚ್ಚಲು ಬರುವಳು. ಸಿಟ್ಟಿನ ನಾಯಿ ಅಂತ ನಾನು ಅಂದೆ. ನೀನು ಅಂದಿದ್ದು ಇನ್ನೂ ಕಿವಿಯಲ್ಲಿದೆ: “ಇಕಿ ಸಿಟ್ಟಿನಾಕಿ ಅಲ್ಲೋ ಅಜ್ಜಾ, ಉಸಿರು ಸಿಗವಲ್ದು. ನಿನ್ನ ಮೂಗು ಹಿಚುಕಿ ಹಿಡದ್ರ ನೀನೂ ಕಡೀತಿ!”

ಅವಳ ಮರಿಗಳಿಗಾದರೂ ಮೂತಿ ಬರಬೇಕು ಅಂತ ನೀನು ಹಟ ಹಿಡಿದೆ. ಗಂಡನ್ನೂ ನೀನೇ ಆರಿಸಿದೆ. ಅಂಬಿಗರ ಮನೆಯ ಕೆಂದ್ಯಾ — ಊರ ನಾಯಿ, ಸಣ್ಣ ಮೈ, ಉದ್ದ ಮೂತಿ. ಹೊಳೆಯ ಮರಳಿನಲ್ಲಿ ದಿನವೆಲ್ಲ ಓಡಿದರೂ ದಮ್ಮು ಹತ್ತದು. ಕೂಸುಗಳು ಕಿವಿ ಜಗ್ಗಿದರೂ ಬಾಲ ಅಲ್ಲಾಡಿಸುವಂಥದ್ದು. ತಳಿ ಕೂಡಿಸುವ ಮಾತನ್ನು ಹುಡುಗಿಯೊಬ್ಬಳು ನನ್ನ ಮುಂದೆ ಕೂತು ಹಾಗೆ ಲೆಕ್ಕ ಹಾಕಿ ಹೇಳಿದ್ದು ಅದೇ ಮೊದಲು. ಎಷ್ಟು ಹಿಗ್ಗಿದೆನೋ! ಹೂಂ ಅಂದೆ.

ಆದರೆ ನಮ್ಮ ಅಂಗಳದಲ್ಲಿದ್ದವು ಮುಧೋಳ ನಾಯಿಗಳು, ಮೂರು ತಲೆಮಾರಿನಿಂದ ಬಂದವು. ಹೆಣ್ಣಿಗೆ ಗಂಡು ಕೂಡಿಸಿದ ದಿನ ಅದರ ಹಣೆಗೆ ಬೀರಪ್ಪನ ಭಂಡಾರದ ಅರಿಸಿನ ಹಚ್ಚಿ, ನಾಲ್ಕು ಜನರ ಎದುರು ಗಂಡಿನ ಹೆಸರು ಹೇಳುತ್ತೇವೆ. ಹೇಳಿದ ಮೇಲೆ ಮುಗಿಯಿತು, ಯಾರೂ ಮರಳಿ ಕೇಳುವುದಿಲ್ಲ. ಆ ಬಾಯಿಂದ ನಾನು ಬೀದಿ ನಾಯಿಯ ಹೆಸರು ಹೇಳುವುದೆ? ನಮ್ಮಲ್ಲಿ ಮರಿ ಕೊಂಡು ಒಯ್ಯಲು ಬರುತ್ತಿದ್ದ ಸಿದ್ಲಿಂಗ ಮುಧೋಳದ ಚಹಾದಂಗಡಿಯಲ್ಲಿ ಎಲ್ಲರ ಮುಂದೆ ಅಂದ: “ಏನ ಮಾವಾ, ಬೀದಿನಾಯಿ ಕೂಡ ಬೀಗಸ್ತನಾ ಮಾಡಾಕತ್ತೀ ಅಂತಲ್ಲಾ? ಲಗ್ನಕ್ಕ ನಮ್ಮನ್ನೂ ಕರಿಯಪಾ!” ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಮನೆಗೆ ಬರುವ ಬಸ್ಸಿನಲ್ಲಿ ಕೂತು, ಕೆಂದ್ಯಾ ಬೇಡ, ಬೇರೆ ಗಂಡು ನೋಡಬೇಕು ಅಂತ ಗಟ್ಟಿ ಮಾಡಿದೆ.

ನೀನು ಪರೀಕ್ಷೆಗೆ ಬೀಳಗಿಗೆ ಹೋದ ದಿನ ಉಂಡಿಯನ್ನು ಬುಟ್ಟಿಯಲ್ಲಿ ಕೂರಿಸಿ, ಮೇಲೆ ಹಸಿ ಬಟ್ಟೆ ಹಾಕಿ, ಜಮಖಂಡಿಗೆ ಒಯ್ದೆ. ಅಲ್ಲಿ ಒಬ್ಬ ಬಟ್ಟೆ ವ್ಯಾಪಾರಿಯ ಮನೆಯಲ್ಲಿ ಇನ್ನೊಂದು ಪಗ್ ಇತ್ತು, ಗಂಡು. ಅವಳಷ್ಟೇ ಚಪ್ಪಟೆ, ಅವಳ ಹಾಗೇ ಗೊರಗೊರ. ಇಬ್ಬರೂ ಒಂದೇ ತಾಯಿಯ ಹೊಟ್ಟೆಯವರು — ಗೊತ್ತಿತ್ತು ನನಗೆ. ರಕ್ತ ಹತ್ತಿರವಾದಷ್ಟೂ ತಳಿ ಚೊಕ್ಕ ಅಂತ ನಂಬಿಕೊಂಡೇ ಬದುಕಿದವನು ನಾನು. ಸಂಜೆ ನೀನು ಬಂದಾಗ ಉಂಡಿಯ ಹಣೆಯ ಮೇಲೆ ಭಂಡಾರವಿತ್ತು. ನಾಲ್ಕು ಜನರನ್ನು ಕರೆಯದೆ, ನಿನ್ನೊಬ್ಬಳಿಗೆ “ಕೆಂದ್ಯಾನ ಕೂಡ ಆತವ್ವಾ” ಅಂದೆ. ನೀನು ನನ್ನ ಕೊರಳಿಗೆ ಬಿದ್ದು ಕುಣಿದೆ.

ಇಷ್ಟೇ ಆಗಿದ್ದರೆ —

ಇಲ್ಲ, ಇಷ್ಟೇ ಅಲ್ಲ. ಉಂಡಿಗೆ ನೋವು ಸುರುವಾದ ದಿನ ನೆನಪಿಸಿಕೋ. ಮಧ್ಯಾಹ್ನ ಸರಿದಿತ್ತು, ಮರಿ ಬರಲೊಲ್ಲದು. ನೀನು ಮುಧೋಳದ ಡಾಕ್ಟರಿಗೆ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟೆ. ಅವರು ಮೊದಲು ಕೇಳಿದ್ದೇ ಅದು: “ಗಂಡು ಯಾವ ಜಾತಿದರೀ ಯಜಮಾನ್ರ?” ನೀನು ಎದುರಿಗೇ ಇದ್ದೆ, ಉಂಡಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು. ನಾನು ಅಂದೆ — “ಊರ ನಾಯಿರಿ. ಉದ್ದ ಮೂತಿ.” ಅವರು ಅಂದರು: “ಹಂಗಾದ್ರ ಮರಿ ತಲಿ ಸಣ್ಣದಿರತೈತಿ, ಹೆದರಬ್ಯಾಡ್ರಿ. ಇನ್ನೊಂದು ತಾಸು ನೋಡ್ರಿ. ಆಗಲಿಲ್ಲ ಅಂದ್ರ ಕರಕೊಂಡ ಬರ್ರಿ.”

ಆ ಮನುಷ್ಯನದು ಏನೂ ತಪ್ಪಿಲ್ಲ. ನಾನು ಕೊಟ್ಟ ಮಾತಿನ ಮೇಲೆ ಹೇಳಿದ. ಖರೆ ಹೇಳಿದ್ದರೆ ಆಗಲೇ ಬನ್ನಿ ಅನ್ನುತ್ತಿದ್ದ, ಹೊಟ್ಟೆ ಕೊಯ್ದು ತೆಗೆಯುತ್ತಿದ್ದ. ಆ ಒಂದು ತಾಸು ನಾವಿಬ್ಬರೂ ಕೂತು ನೋಡಿದೆವು. ನೀನು ಗಡಿಯಾರ ನೋಡುತ್ತಿದ್ದೆ, ನಾನು ನಿನ್ನನ್ನು ನೋಡುತ್ತಿದ್ದೆ. ಎರಡು ಸಲ ಎದ್ದು ಹೊರಗೆ ಹೋಗಿ ಬಂದೆ. ಆಮೇಲೆ ಆಟೋ ಸಿಕ್ಕಿತು. ಕಬ್ಬಿನ ಟ್ರ್ಯಾಕ್ಟರುಗಳ ಸಾಲಿನ ಹಿಂದೆ ಅದು ತೆವಳಿತು. ಮುಧೋಳ ಮುಟ್ಟುವ ಮೊದಲೇ ಆ ಗೊರಗೊರ ನಿಂತಿತು — ನಿಂತದ್ದು ಇಬ್ಬರಿಗೂ ಗೊತ್ತಾಯಿತು.

ಡಾಕ್ಟರು ಹೊರಗೆ ತೆಗೆದ ಎರಡೂ ಮರಿಗಳು ಸತ್ತಿದ್ದವು. ದಪ್ಪ ತಲೆ, ಚಪ್ಪಟೆ ಮುಖ. ನೀನು ಕೇಳಿದೆ, “ಅಜ್ಜಾ, ಇವಕ್ಕ ಮೂತಿ ಯಾಕ ಬಂದಿಲ್ಲ?” ತಾಯಿಯನ್ನು ಹೋತಿವೆ ಅಂದೆ. ಆಗ ನೀನು ಅಂದೆ: “ನಾ ಶಾಣ್ಯಾತನಾ ಮಾಡಾಕ ಹೋಗಿ ಆಕಿನ್ನ ಕೊಂದ್ನಿ.” ಅಷ್ಟು ಹೇಳಿದ ಮಗುವಿಗೆ ನಾನು ಕೊಟ್ಟ ಉತ್ತರವೇನು? “ಹಣೇಬರಾ ಬಿಡವ್ವಾ.” ಅಷ್ಟೇ.

ಹೋದ ತಿಂಗಳು ನೀನು ಸಂತೋಷದಿಂದ ಫೋನ್ ಮಾಡಿದ್ದೆ. ತರಗತಿಯಲ್ಲಿ ಚಪ್ಪಟೆ ಮುಖದ ನಾಯಿಗಳ ಮಾತು ಬಂತಂತೆ. ಉದ್ದ ಮೂತಿಯವುಗಳ ಜೊತೆ ಕೂಡಿಸಿದರೆ ಮರಿಗಳ ಉಸಿರೂ ಸ್ವಭಾವವೂ ಸುಧಾರಿಸುತ್ತವೆ ಅಂತ ಗುರುಗಳು ಹೇಳಿದಾಗ ನೀನು ಎದ್ದು ನಿಂತು, ಇಲ್ಲ ಸರ್, ನಾನು ಮಾಡಿ ನೋಡಿದ್ದೇನೆ, ತಾಯಿ ಸತ್ತಳು, ಮರಿಗಳ ಮುಖವೂ ಬದಲಾಗಲಿಲ್ಲ ಅಂದೆಯಂತೆ. ಗಂಡು ಅದೇ ಅಂತ ಹೇಗೆ ಹೇಳುತ್ತೀ ಅಂತ ಅವರು ಕೇಳಿದರಂತೆ. ನಿನ್ನ ಉತ್ತರ — “ನಮ್ಮ ಅಜ್ಜ ಭಂಡಾರಾ ಹಚ್ಚಿ ಹೇಳ್ಯಾನ್ರಿ.”

ಅಯ್ಯೋ ನನ್ನವ್ವಾ! ಫೋನಿನಲ್ಲಿ ನೀನು ನಗುತ್ತಿದ್ದೆ. ಇಲ್ಲಿ ನಾನು ಹೂಂ ಹೂಂ ಅನ್ನುತ್ತ ಫೋನ್ ಇಟ್ಟೆ.

ಇಟ್ಟೆ, ಅಷ್ಟೇ. ಮತ್ತೂ ಒಂದು ತಿಂಗಳು ಸುಮ್ಮನಿದ್ದೆ. ಮೊನ್ನೆ ನೀನೇ ಹೇಳಿದೆ: ಬನಹಟ್ಟಿಯ ನೇಕಾರರ ಮನೆಯ ಶಾಂತಕ್ಕ ತನ್ನ ಪಗ್ ನಾಯಿಗೆ ಬೇರೆ ತಳಿಯ ಗಂಡು ಕೂಡಿಸಲೇ ಅಂತ ನಿನ್ನನ್ನು ಕೇಳಿದಳು, ಬೇಡ, ಪಗ್ಗನ್ನೇ ಕೂಡಿಸು ಅಂತ ನೀನು ಹೇಳಿದೆ. ನಾಳೆ ಅವಳ ಮನೆಗೆ ಗಂಡು ಬರುತ್ತದೆ. ಇವತ್ತು ಬೆಳಿಗ್ಗೆ ನಾನು ಬನಹಟ್ಟಿಗೆ ಓಡಿದೆ. ಅವಳ ನಾಯಿ ಮಗ್ಗದ ಮನೆಯ ಹೊಸ್ತಿಲ ಮೇಲೆ ಮಲಗಿ ಉಂಡಿಯ ಹಾಗೇ ಉಸಿರಾಡುತ್ತಿತ್ತು. “ಪಗ್ ಬ್ಯಾಡ ತಂಗಿ, ನಿಲ್ಲಸು” ಅಂದೆ. ಯಾಕೆ ಅಂದಳು. “ಬ್ಯಾಡ ಅಂದ್ರ ಬ್ಯಾಡ” ಅಂದೆ, ಖರೆ ಮಾತ್ರ ಹೇಳಲಿಲ್ಲ. ಅವಳು ನಕ್ಕಳು: “ಏನ್ರೀ ಕಾಕಾ, ಡಾಕ್ಟರ್ ಆಗಾಕತ್ತಾಕಿ ಮಮ್ಮಗಳು ಒಂದ್ ಹೇಳ್ತಾಳ, ನಾಲ್ಕನೇತ್ತಾ ಕಲತ ಅಜ್ಜ ಒಂದ್ ಹೇಳ್ತಾನ! ನಾ ಯಾರ ಮಾತ ಕೇಳ್ಲಿ? ಚಹಾ ಕುಡದ ಹೋಗ್ರಿ.”

ಅವಳು ಹೇಳಿದ್ದು ಸರಿ. ನಿನ್ನ ಮಾತೇ ನಡೆಯಬೇಕು. ಆದರೆ ಆ ಮಾತಿನ ಬುಡದಲ್ಲಿ ಇರುವುದು ನನ್ನ ಸುಳ್ಳು.

ಸಂಜೆಯ ಬಸ್ಸಿಗೆ ನೀನು ಬರುತ್ತೀ. ಇಳಿದವಳೇ ಬಗ್ಗಿ ನನ್ನ ಕಾಲು ಮುಟ್ಟುತ್ತೀ. ಇವತ್ತು ಅದಕ್ಕಿಂತ ಮೊದಲು ಈ ಕಾಗದ ನಿನ್ನ ಕೈಗೆ ಕೊಡುತ್ತೇನೆ. ನಿಂತಲ್ಲೇ ಓದು. ಓದಿ ಮೊದಲು ಶಾಂತಕ್ಕನಿಗೆ ಫೋನ್ ಮಾಡು, ಆಮೇಲೆ ನಿನ್ನ ಗುರುಗಳಿಗೆ. ಯಾರು ಸುಳ್ಳು ಹೇಳಿದರು ಅಂತ ಕೇಳಿದರೆ ನನ್ನ ಹೆಸರು ಹೇಳು, ಮುಚ್ಚಬೇಡ. ನಿನ್ನ ಬ್ಯಾಗು ಹಿಡಿಯಲು ನಾನಾಗಿ ಕೈ ಚಾಚುವುದಿಲ್ಲ. ಕೊಟ್ಟರೆ ಹೊರುತ್ತೇನೆ. ಕೊಡದಿದ್ದರೆ ನೀನು ಮುಂದೆ ನಡೆ, ನಾನು ಹಿಂದೆ ಬರುತ್ತೇನೆ.