ಎರಡನೆಯ ಸಹಿ

ಇವತ್ತು ಬೆಳಿಗ್ಗೆ ಹೆಂಡತಿ ಬೇಳೆಗೆ ಒಗ್ಗರಣೆ ಕೊಡಲೆಂದು ಇಂಗಿನ ಡಬ್ಬಿಯ ಮುಚ್ಚಳ ತೆಗೆದಳು. ಇಂಗಿನ ವಾಸನೆಗೆ ನಿಮಗೆ ಹಸಿವಾಗಬಹುದು. ನನಗೆ ಹಾಗಿಲ್ಲ. ನನಗೆ ಇಂಗು ಅಂದರೆ ಕೃಷ್ಣಾ ನದಿಯ ದಂಡೆ, ತೊಡೆಯ ಮೇಲಿಟ್ಟುಕೊಂಡ ಕಣಕದ ಉಂಡೆ, ಪಕ್ಕದಲ್ಲಿ ಯಮನಪ್ಪ. ರೊಟ್ಟಿ ಮುರಿದವನು ತುಂಡನ್ನು ಕೈಯಲ್ಲೇ ಹಿಡಿದು ಕೂತೆ. "ಯಾಕ್ರಿ, ಪಲ್ಯಾ ಸೇರಲಿಲ್ಲೇನು?" ಎಂದಳು. ಸೇರಿತು ಎಂದೆ. ತುಂಡನ್ನು ತಿರುಗಿ ತಟ್ಟೆಯಲ್ಲಿಟ್ಟೆ.

ಇಂಗಿಗೂ ನದಿಗೂ ಏನು ಸಂಬಂಧ ಎಂದು ನೀವು ಕೇಳುತ್ತೀರಿ. ಗೋಧಿ ಹಿಟ್ಟಿಗೆ ಚಿಟಿಕೆ ಇಂಗು ಹಾಕಿ ಬಿಗಿಯಾಗಿ ನಾದಿ, ಸಣ್ಣ ಗುಳಿಗೆ ಮಾಡಿ ಗಾಳಕ್ಕೆ ಚುಚ್ಚಿದರೆ ಮೀನು ಬರುತ್ತದೆ. ಎರೆಹುಳು ಚುಚ್ಚಿದರೆ ಇನ್ನೂ ಬೇಗ ಬರುತ್ತದೆ. ಆದರೆ ನಮ್ಮದು ಕೊರಳಲ್ಲಿ ಲಿಂಗ ಕಟ್ಟಿದ ಮನೆತನ. ಯಾರಾದರೂ ಮೊಟ್ಟೆಯ ಹೆಸರೆತ್ತಿದರೂ ನಮ್ಮವ್ವ ಬಾಯಿ ಮುಕ್ಕಳಿಸಿ ಬಾ ಎನ್ನುತ್ತಿದ್ದಳು. ಅಂಥ ಮನೆಯವನು ಮೀನು ಹಿಡಿಯುತ್ತಿದ್ದ ಎಂದರೆ ನೀವು ನಂಬಲಿಕ್ಕಿಲ್ಲ. ತಿನ್ನುತ್ತಿರಲಿಲ್ಲ; ಹಿಡಿದದ್ದನ್ನೆಲ್ಲ ತಿರುಗಿ ನೀರಿಗೇ ಬಿಡುತ್ತಿದ್ದೆ. ನೀರಿನ ಮೇಲೆ ಸುಮ್ಮನೆ ಕೂತ ಬೆಂಡು ಒಮ್ಮೆಲೇ ಒಳಗೆ ಹೋಗುತ್ತದಲ್ಲ, ನನಗೆ ಅದಷ್ಟೇ ಬೇಕಾಗಿತ್ತು. ಯಮನಪ್ಪನಿಗೆ ಇದು ದೊಡ್ಡ ತಮಾಷೆ. "ನೀವು ಮೀನ ಹಿಡ್ಯಾಕ ಬರೂದಿಲ್ರಿ ಸರ, ಮೀನಕ್ಕ ಊಟಕ್ಕ ಹಾಕಿ ಹೋಗಾಕ ಬರ್ತೀರಿ" ಎನ್ನುತ್ತಿದ್ದ.

ನಾನೇನೂ ಸರ್ ಅಲ್ಲ. ಮುದ್ದೇಬಿಹಾಳದ ಒಂದು ಹೈಸ್ಕೂಲಿನಲ್ಲಿ ಗುಮಾಸ್ತನಾಗಿದ್ದೆ. ಯಮನಪ್ಪ ಎಪಿಎಂಸಿ ಯಾರ್ಡಿನಲ್ಲಿ ತೂಕದವನು. ಕುರಿ ಕಾಯುವ ಮನೆತನದಲ್ಲಿ ಹುಟ್ಟಿ, ಕಾಲು ಉಳುಕಿದ್ದಕ್ಕೋ ಏನೋ, ಚಿಕ್ಕಂದಿನಲ್ಲೇ ತಕ್ಕಡಿಯ ಮುಂದೆ ನಿಂತವನು. ತೊಗರಿ ಚೀಲವನ್ನು ಕಾಟಾದ ಮೇಲೆ ಇಟ್ಟ ಕೂಡಲೇ ಒಂದು ಕಡೆಯಿಂದ ರೈತ, ಇನ್ನೊಂದು ಕಡೆಯಿಂದ ವ್ಯಾಪಾರಿ ಕೂಗಾಡುತ್ತಿದ್ದರೆ, ಇವನು ಬಗ್ಗಿ ಮುಳ್ಳನ್ನೇ ನೋಡುತ್ತಿದ್ದ. "ಮುಳ್ಳ ನಿಂದರ್ಲಿ, ಆಮ್ಯಾಲ ಮಾತಾಡ್ರಿ." ಅವನು ಹೇಳಿದ ತೂಕಕ್ಕೆ ಎರಡನೇ ಮಾತಿರಲಿಲ್ಲ. ಅವನ ಮಗಳ ದಾಖಲಾತಿಯಲ್ಲಿ ಏನೋ ತಪ್ಪಾಗಿತ್ತೆಂದು ತಿದ್ದಿಸಲು ಬಂದಾಗ ನಮಗೆ ಪರಿಚಯವಾಯಿತು. ತಿದ್ದಿಕೊಟ್ಟೆ. ಅದಕ್ಕೆ ಪ್ರತಿಯಾಗಿ ಅವನು ನನ್ನನ್ನು ನದಿ ದಂಡೆಯ ತಂಗಡಗಿಗೆ ಕರೆದುಕೊಂಡು ಹೋಗಿ ಕೈಗೆ ಒಂದು ಗಾಳ ಕೊಟ್ಟ. ಜೋಳದ ದಂಟಿನ ಬೆಂಡು ಕತ್ತರಿಸಿ ಕಟ್ಟಿ ತಾನೇ ಮಾಡಿದ್ದು.

ಅಲ್ಲಿಂದ ಮುಂದೆ ಪ್ರತಿ ರವಿವಾರ ನನ್ನ ಬೈಕಿನ ಮೇಲೆ ಇಬ್ಬರ ಸವಾರಿ. ಮನೆಯಲ್ಲಿ ತಂಗಡಗಿಯ ಗುಡಿಗೆ ಹೋಗುತ್ತೇನೆ ಎಂದು ಹೇಳುತ್ತಿದ್ದೆ. ಸುಳ್ಳಾಗಬಾರದೆಂದು ಬರುವಾಗ ಗುಡಿಯ ಹೊಸ್ತಿಲಿಗೆ ಹಣೆ ಮುಟ್ಟಿಸಿ ವಿಭೂತಿ ಹಚ್ಚಿಕೊಂಡು ಬರುತ್ತಿದ್ದೆ. ನಮ್ಮ ಓಣಿಯಲ್ಲಿ ನನ್ನ ಭಕ್ತಿಗೆ ಒಳ್ಳೆಯ ಹೆಸರು ಬಂತು. ದಂಡೆಯ ಮೇಲೆ ಯಾರಾದರೂ ಕಂಡರೆ ನನ್ನ ಗಾಳವನ್ನು ಯಮನಪ್ಪನ ಕೈಗೆ ತುರುಕಿ, ಕಣ್ಣು ಮುಚ್ಚಿ ಧ್ಯಾನಕ್ಕೆ ಕೂತುಬಿಡುತ್ತಿದ್ದೆ. ದೋಣಿಯ ಅಂಬಿಗ ಆ ಕಡೆ ಹಾಯುವಾಗಲೆಲ್ಲ, "ಏನೋ ಯಮನಪ್ಪ, ಎರಡ ಗಾಳ ಯಾಕ ಹಿಡದೀಯೋ?" ಎಂದು ಕೂಗುತ್ತಿದ್ದ. "ಒಂದಕ್ಕ ಬ್ಯಾಸರ ಬಂದ್ರ ಇನ್ನೊಂದು" ಎಂದು ಇವನು ನನ್ನನ್ನು ಮುಚ್ಚಿಹಾಕುತ್ತಿದ್ದ. ಎಷ್ಟು ವರ್ಷ ಹೀಗೆ ನಡೆಯಿತೋ, ಅವನ ಹೊರತು ನನ್ನ ಕೈಯಲ್ಲಿ ಗಾಳ ಕಂಡ ಇನ್ನೊಬ್ಬ ಮನುಷ್ಯನಿಲ್ಲ.

ಇದು ಹೀಗೇ ನಡೆದುಕೊಂಡು ಹೋಗುತ್ತಿತ್ತು. ಕೆಡಿಸಿದವನು ನಾನು.

ಒಂದು ರವಿವಾರ ನದಿಗೆ ಇಳಿಯುವ ದಾರಿಯಲ್ಲಿ ಹೊಸ ಬೋರ್ಡು ನಿಂತಿತ್ತು. ಪರವಾನಗಿ ಇಲ್ಲದೆ ಮೀನು ಹಿಡಿಯುವಂತಿಲ್ಲ ಎಂದು. ಬಲೆಗೆ ಒಂದು ಶುಲ್ಕ, ತೆಪ್ಪಕ್ಕೆ ಒಂದು, ಗಾಳಕ್ಕೆ ಒಂದು. ಹವ್ಯಾಸಕ್ಕೆ ಗಾಳ ಹಾಕುವವರದು ಎಲ್ಲಕ್ಕಿಂತ ಕೆಳಗೆ, ಎಲ್ಲಕ್ಕಿಂತ ಕಡಿಮೆ. ಯಮನಪ್ಪ ಬೋರ್ಡಿನ ಮುಂದೆ ಹಾದು ಹೋಗಿದ್ದ. ನಾನು ನಿಂತು ಪೂರ್ತಿ ಓದಿದೆ. ಇಡೀ ಜೀವನ ಫಾರ್ಮು ತುಂಬಿದವನು, ನಿಯಮ ಕಂಡರೆ ನನಗೆ ಹಬ್ಬ. ಕೂತ ಮೇಲೂ ಸುಮ್ಮನಿರದೆ, "ನೋಡು ಯಮನಪ್ಪ, ಒಂದು ಕಾಳು ಹೆಚ್ಚು ಕಡಿಮಿ ತೂಗದಾಂವ ನೀ. ಲೈಸನ್ಸ ಇಲ್ದ ಹಿಡಿದ್ರ ಅದೂ ಕಳುವ ಅಲ್ಲೇನು?" ಎಂದೆ. ತಮಾಷೆಗೆ ಅಂದಿದ್ದೆ ಎಂದು ಈಗ ಹೇಳಿದರೆ ಸುಳ್ಳಾಗುತ್ತದೆ. ನನ್ನ ತಿಳುವಳಿಕೆ ತೋರಿಸಲು ಅಂದಿದ್ದೆ.

ಅವನು ನೀರಿನಿಂದ ಗಾಳ ಎಳೆದ. ದಾರವನ್ನು ಕೋಲಿಗೆ ಸುತ್ತಿದ. "ಲೈಸನ್ಸ ಆಗ್ಲಿ ಸರ. ಆಮ್ಯಾಲ ಬರೂಣು" ಎಂದ.

ಅರ್ಜಿ ನಾನೇ ತುಂಬಿದೆ, ಅವನ ಹೆಸರಿಗೆ ಮಾತ್ರ. ದುಂಡಗಿನ ಅಕ್ಷರ, ಒಂದೂ ಕಾಟು ಹೊಡೆಯಲಿಲ್ಲ. ಮೀನು ಹಿಡಿಯುವ ಉದ್ದೇಶ ಎಂಬಲ್ಲಿ 'ಮನರಂಜನೆ' ಎಂದು ಬರೆಯಹೊರಟೆ. "ಹಂಗಂದ್ರೇನ್ರಿ?" ಎಂದು ಕೇಳಿದ. "ಸುಮ್ನ, ಸಂತೋಷಕ್ಕ ಅಂತ." "ಅಷ್ಟ ಬರೀರಲ್ಲ ಹಂಗಾರ" ಎಂದ. ಹಾಗೇ ಬರೆದೆ. ಕೊನೆಯಲ್ಲಿ ಎರಡು ಸಹಿ ಬೇಕಾಗಿದ್ದವು. ಈತ ಗಾಳದಿಂದಲೇ ಹಿಡಿಯುತ್ತಾನೆ, ಮಾರುವುದಿಲ್ಲ ಎಂದು ಕಣ್ಣಾರೆ ಕಂಡವರ ಸಹಿ. ಒಂದು ಅಂಬಿಗ ಮಾಡಿದ. ಎರಡನೆಯದಕ್ಕೆ ನಾನಿದ್ದೇನಲ್ಲ ಎಂದು ನಾವಿಬ್ಬರೂ ಮೀನುಗಾರಿಕೆ ಇಲಾಖೆಯ ಆಫೀಸಿಗೆ ಹೋದೆವು.

ಆಫೀಸಿನವರ ಮೇಲೆ ನನ್ನದೇನೂ ದೂರಿಲ್ಲ. ಅಲ್ಲಿದ್ದ ಮೇಡಮ್ ಎದ್ದು ಕುರ್ಚಿ ಕೊಟ್ಟರು. "ಎಷ್ಟು ಚಂದ ತುಂಬೀರಿ. ಇನ್ನೊಂದು ಸೈ ಆದ್ರ ಇವತ್ತ ಮಂಜೂರಿಗೆ ಇಡ್ತೇನ್ರಿ. ಎಂಟ ದಿನ ಹೊರಗ ಬೋರ್ಡಿಗೆ ಹಚ್ತೇವಿ. ಸೈ ಮಾಡಿದವರ ಹೆಸರೂ ಇರ್ತಾವ, ಯಾರದರ ತಕರಾರ ಇದ್ರ ಹೇಳ್ಲಿ ಅಂತ" ಎಂದರು.

ಪೆನ್ನು ನನ್ನ ಕೈಯಲ್ಲಿತ್ತು. ಆ ವಾರವೇ ನನ್ನ ಮಗಳ ಮದುವೆಯ ಮಾತುಕತೆ ಹೂವಿನ ಹಿಪ್ಪರಗಿಯಲ್ಲಿ ನಡೆದಿತ್ತು. ಹುಡುಗನ ಕಾಕಾ ಯಾವುದೋ ಕೆಲಸಕ್ಕೆ ಅದೇ ಕಟ್ಟಡಕ್ಕೆ ಬಂದು ಹೋಗುವವರು. ಬೋರ್ಡಿನ ಮೇಲೆ ನನ್ನ ಹೆಸರು, ಅದರ ಮುಂದೆ ಮೀನು. ನನ್ನ ಕಣ್ಣ ಮುಂದೆ ನಿಂತದ್ದು ಅದೊಂದೇ. "ಅಯ್ಯ, ಚಸ್ಮಾ ಮರತ ಬಂದೇನಿ ನೋಡ್ರಿ. ಎಲ್ಲಿ ಸೈ ಮಾಡಬೇಕಂತ ಕಾಣವಲ್ದು" ಎಂದೆ.

ಚಸ್ಮಾ ನನ್ನ ಅಂಗಿಯ ಜೇಬಿನಲ್ಲಿತ್ತು. ಅದರ ಕಡ್ಡಿ ಹೊರಗೆ ಕಾಣುತ್ತಿತ್ತು. ಯಮನಪ್ಪ ಜೇಬನ್ನು ನೋಡಿದ, ನನ್ನನ್ನು ನೋಡಿದ. ಮುಳ್ಳು ನಿಲ್ಲುವ ತನಕ ಕಾಯುವ ಮನುಷ್ಯ, ಆವತ್ತು ಒಂದು ಗಳಿಗೆಯೂ ಕಾಯದೆ, "ಇರ್ಲಿ ಬಿಡ್ರಿ ಸರ, ಮುಂದಿನ ವಾರ ಬರೂಣಂತ" ಎಂದು ನನ್ನನ್ನು ಹೊರಗೆ ಕರೆತಂದ. ದಾರಿಯಲ್ಲಿ ಚಹಾ ಕುಡಿಸಿದ. ಮಗಳ ಮಾತುಕತೆ ಹೇಗಾಯಿತೆಂದು ಕೇಳಿದ.

ಮದುವೆಯಾಗಲಿ, ಸಹಿ ಮಾಡಿದರಾಯಿತು ಎಂದುಕೊಂಡೆ. ಮದುವೆಯಾಯಿತು. ಬೀಗರು ಹೊಸಬರು, ಒಂದಿಷ್ಟು ದಿನ ಹೋಗಲಿ ಎಂದುಕೊಂಡೆ. ಅಷ್ಟರಲ್ಲಿ ನನ್ನ ನಿವೃತ್ತಿ, ಸನ್ಮಾನ, ಹಾರ. ಆಮೇಲೆ ಅಡ್ಡಿ ಏನೂ ಉಳಿದಿರಲಿಲ್ಲ. ಆದರೆ ಇಷ್ಟು ತಡವಾಗಿ ಯಾವ ಮುಖ ಹೊತ್ತು ಹೋಗುವುದು ಎಂಬುದೇ ಅಡ್ಡಿಯಾಯಿತು. ಅವನ ಓಣಿ ಬಿಟ್ಟು ಸುತ್ತಿ ಬಳಸಿ ಓಡಾಡತೊಡಗಿದೆ. ಅವನಾಗಿ ಬಂದು ಒಮ್ಮೆಯೂ ಕೇಳಲಿಲ್ಲ. ಕೇಳಿದ್ದರೆ ಮಾಡುತ್ತಿದ್ದೆನೇನೋ. ಇದೂ ನಾನು ನನಗೆ ಹೇಳಿಕೊಳ್ಳುವ ಮಾತು.

ಯಾರ್ಡಿನ ಹಮಾಲರು, ಒಂದು ಸೈ ತಾನೆ, ನಾವೇ ಮಾಡುತ್ತೇವೆ ಎಂದರಂತೆ. "ನೀವು ನನ್ನ ಕೈಯಾಗ ಗಾಳ ನೋಡೀರೇನು? ನೋಡ್ಲಾರದ ಸೈ ಮಾಡೂದು ಚೀಲಾ ಇಡ್ಲಾರದ ತೂಕ ಬರದಂಗ" ಎಂದನಂತೆ. ಚಹಾ ಅಂಗಡಿಯಲ್ಲಿ ಯಾರೋ ನಗುತ್ತ ಹೇಳಿದರು. ನಾನೂ ಅವರ ಜೊತೆ ನಕ್ಕೆ. ನನ್ನಂಥ ನೀಚ ಆ ಅಂಗಡಿಯಲ್ಲಿ ಇನ್ನೊಬ್ಬನಿರಲಿಲ್ಲ.

ನದಿಯ ಚಟ ಬಿಟ್ಟ ಮೇಲೂ ನಾನು ರವಿವಾರ ತಂಗಡಗಿಗೆ ಹೋಗುತ್ತಿದ್ದೆ, ಮನೆಯಲ್ಲಿ ಹೇಳಿಟ್ಟ ರೂಢಿಯಿತ್ತಲ್ಲ. ಈಗ ನಿಜವಾಗಿಯೂ ಗುಡಿಗೇ. ಒಂದು ದಿನ ಗುಡಿಯ ಮೆಟ್ಟಿಲಿನಿಂದ ಕೆಳಗೆ ನೋಡಿದರೆ ಯಮನಪ್ಪ ಕೂತಿದ್ದ. ನಮ್ಮ ಜಾಗದಲ್ಲೇ. ಕೈಯಲ್ಲಿ ಕೋಲಿಲ್ಲ, ದಾರವಿಲ್ಲ. ಎರಡೂ ಕೈ ಮೊಣಕಾಲ ಮೇಲಿಟ್ಟು ನೀರು ನೋಡುತ್ತಿದ್ದ. ಬಸ್ಸು ಹಿಡಿದು ಬಂದು, ಬರಿಗೈಯಲ್ಲಿ ಕೂತು, ಬಸ್ಸು ಹಿಡಿದು ಹೋಗುತ್ತಾನೆ ಎಂದು ಕಾಯಿ ಮಾರುವವಳು ಹೇಳಿದಳು. ಇಪ್ಪತ್ತು ಮೆಟ್ಟಿಲು ಇಳಿದರೆ ಅವನ ಪಕ್ಕ ಕೂರಬಹುದಿತ್ತು. ನಾನು ಹಿಂದಿನ ಬಾಗಿಲಿನಿಂದ ಹೊರಟು ಬಂದೆ.

ಹೋದ ಮಳೆಗಾಲದಲ್ಲಿ ಅವನಿಗೆ ಕಾಮಾಲೆಯಾಯಿತು. ತೀರಿಹೋದ ಮೂರನೆಯ ದಿನ ಮನೆಗೆ ಹೋದೆ. ಅವನ ಹೆಂಡತಿ ಗಂಗವ್ವ ನನ್ನನ್ನು ಕಂಡು ಅತ್ತಳು. "ಸೋಮವಾರ ಬಂತಂದ್ರ ಅಂಗಿ ತೊಟಗೊಂಡು ಬಾಗಲದಾಗ ಕುಂಡ್ರತಿದ್ರು ಸರ. ಸರ ಬಂದ್ರ ಆಫೀಸಿಗೆ ಹೋಗೂದೈತಿ, ಅವರಿಗೆ ಏನ ತ್ರಾಸ ಐತೋ ಏನೋ ಅಂತಿದ್ರು." ಅವಳು ಟ್ರಂಕಿನಿಂದ ಆ ಅರ್ಜಿ ತಂದು ಕೈಗೆ ಕೊಟ್ಟಳು. "ಇದ್ರಾಗ ಏನ ಬರದೈತ್ರಿ? ಮ್ಯಾಲಿಂದ ಮ್ಯಾಲೆ ತಗದು ನೋಡ್ತಿದ್ರು." ನಾನೇ ಬರೆದ ದುಂಡಗಿನ ಅಕ್ಷರ. ಉದ್ದೇಶ, ಸಂತೋಷಕ್ಕಾಗಿ ಎಂದು ಓದಿದೆ. ಕೆಳಗಿನದನ್ನು ಓದಲಿಲ್ಲ. ಅವಳು ಅದನ್ನು ಮಡಚಿ ತಿರುಗಿ ಟ್ರಂಕಿನಲ್ಲಿಟ್ಟಳು.

ನನ್ನ ಒಂದು ಗೆರೆ ಸಹಿಗೆ ಒಬ್ಬ ಮನುಷ್ಯನ ನದಿ ಹೋಯಿತು. ಇದಕ್ಕೆ ಪ್ರಾಯಶ್ಚಿತ್ತ ಅನ್ನುವುದು ಇಲ್ಲ. ಆದರೂ ಎಂಟು ದಿನದ ಹಿಂದೆ ಅದೇ ಆಫೀಸಿಗೆ ಹೋಗಿ ಒಂದು ಖಾಲಿ ಫಾರ್ಮು ತಂದೆ, ನನ್ನ ಹೆಸರಿಗೆ. ನನ್ನ ಹೆಸರನ್ನು ಬೋರ್ಡಿಗೆ ಹಚ್ಚಲಿ, ಬೀಗರು ಓದಲಿ, ಊರು ಓದಲಿ. ಅಷ್ಟಾದರೂ ಆಗಲಿ ಎಂದು. ತಂದವನು ಮತ್ತೆ ಅಂಜಿ ಹಾಸಿಗೆಯ ಕೆಳಗೆ ಇಟ್ಟಿದ್ದೆ. ಇವತ್ತು ಊಟ ಬಿಟ್ಟು ಎದ್ದು ಅದನ್ನು ತಂದು ಹೆಂಡತಿಯ ಮುಂದೆ ಹಾಕಿ, ಮೊದಲಿನಿಂದ ಕೊನೆಯ ತನಕ ಎಲ್ಲ ಹೇಳಿದೆ.

ಅವಳು ಒಲೆ ಆರಿಸಿ ಬಂದು ಕೂತಳು. "ಮೀನ ಹಿಡೀತೀರಿ ಅನ್ನೂದು ನನಗ ಗೊತ್ತಿತ್ತು. ಇಷ್ಟ ವರ್ಷ ನಿಮ್ಮ ಅಂಗಿ ಒಗದಾಕಿ ನಾನಲ್ಲೇನು?"

"ಮತ್ತ ಯಾಕ ಕೇಳಲಿಲ್ಲ?"

"ಏನಂತ ಕೇಳ್ಲಿ? ವಾರದಾಗ ಅದೊಂದ ದಿನ ನಗತಾ ಮನಿಗೆ ಬರ್ತಿದ್ರಿ." ಸೆರಗಿಗೆ ಕೈ ಒರೆಸಿಕೊಂಡು, "ಆದ್ರ ಆ ಸೈ ಮಾಡಬೇಕಿತ್ರಿ ನೀವು" ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಮೆಲ್ಲಗೆ ಹೇಳಿದಳು.

ಆಮೇಲೆ ಫಾರ್ಮನ್ನು ತನ್ನ ಕಡೆ ಎಳೆದುಕೊಂಡಳು. "ತುಂಬ್ರಿ ಈಗ. ಒಂದು ಸೈ ನಾ ಮಾಡ್ತೇನಿ."

"ನಿಂದು ನಡ್ಯೂದಿಲ್ಲ. ನಾ ಗಾಳ ಹಿಡಿದದ್ದು ಕಣ್ಣಿಲೆ ನೋಡಿದವರ ಆಗಬೇಕು."

"ಹಂಗಾರ ನೋಡಿದವರ ಕಡೆ ಮಾಡಸ್ರಿ. ಯಾರ ನೋಡ್ಯಾರ?"

"ಯಮನಪ್ಪ ಒಬ್ಬನ" ಎಂದೆ.