ಗಂಗಕ್ಕ ರುಚಿ ನೋಡಿದ ಕಾಯಿಹಾಲು

ಗಂಗಲಕ್ಷ್ಮಿಗೆ ಹೊಟ್ಟೆಕಿಚ್ಚು ಹತ್ತಿಕೊಂಡದ್ದು ನಲವತ್ತೇಳನೇ ವಯಸ್ಸಿನಲ್ಲಿ. ಅದೂ ಯಾರ ಮೇಲೆ ಅಂತೀರಿ? ಮೈತುಂಬ ಒಡವೆ ಹೇರಿಕೊಂಡವಳ ಮೇಲಲ್ಲ, ಎಕರೆಗಟ್ಟಲೆ ತೋಟ ಇದ್ದವಳ ಮೇಲಲ್ಲ. ದಬ್ಬೇಘಟ್ಟದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು ತೆಂಗಿನ ನಾರಿನ ಫ್ಯಾಕ್ಟರಿಗೆ ಕೆಲಸಕ್ಕೆ ಹೋಗುತ್ತಿದ್ದ, ನಲವತ್ತು ಕೆಜಿಯೂ ತೂಗದ ಮಂಗಳಾ ಎಂಬ ಹೆಂಗಸಿನ ಮೇಲೆ.

ಹಾಗೆ ನೋಡಿದರೆ ಅಸೂಯೆ ಅವಳ ಸ್ವಭಾವವೇ ಅಲ್ಲ. ಅವಳ ನಾದಿನಿ ಎರಡಂತಸ್ತಿನ ಮನೆ ಕಟ್ಟಿಸಿದಾಗ ಗೃಹಪ್ರವೇಶಕ್ಕೆ ಹೋಗಿ, ಎರಡು ಹೋಳಿಗೆ ಜಾಸ್ತಿಯೇ ಹಾಕಿಸಿಕೊಂಡು ತಿಂದು, ಬಸ್ಸಿನಲ್ಲಿ ನಿದ್ದೆ ಹೊಡೆದುಕೊಂಡು ಬಂದ ಜೀವ ಅದು. ಮುಂಗೋಪ ಮಾತ್ರ ಇತ್ತು. ಗಂಡ ಶ್ರೀರಂಗಯ್ಯನನ್ನು ಕೇಳಿದರೆ ಬೇಕಾದಷ್ಟು ಹೇಳುತ್ತಿದ್ದ, ಆದರೆ ಅವಳೆದುರು ಕೇಳಬಾರದು.

ತಿಪಟೂರು ದಾಟಿ ತುರುವೇಕೆರೆ ರಸ್ತೆಗೆ ಬಿದ್ದರೆ, ತೆಂಗಿನ ತೋಟವೊಂದಕ್ಕೆ ಅಂಟಿಕೊಂಡಂತೆ ಹೆಣ್ಣುಮಕ್ಕಳ ನಿಲಯವೊಂದಿತ್ತು. ಹೆತ್ತವರು ಇಲ್ಲದ, ಇದ್ದರೂ ಸಾಕಲಾಗದ ಇಪ್ಪತ್ತೆರಡು ಮಕ್ಕಳು ಅಲ್ಲಿದ್ದರು. ಗಂಗಲಕ್ಷ್ಮಿ ಅಲ್ಲಿ ಹನ್ನೊಂದು ವರ್ಷದಿಂದ ಕೆಲಸಕ್ಕಿದ್ದಳು. ಮಕ್ಕಳನ್ನು ಎಬ್ಬಿಸಿ, ಮೀಯಿಸಿ, ಉಣಿಸಿ, ಶಾಲೆಗೆ ಕಳಿಸಿ, ಜ್ವರ ಬಂದರೆ ಪಕ್ಕದಲ್ಲಿ ಕೂತು, ಜಗಳವಾಡಿದರೆ ಇಬ್ಬರಿಗೂ ಬೈದು ನೋಡಿಕೊಳ್ಳುವುದು ಅವಳ ಕೆಲಸ. ನೇಮಕದ ಪತ್ರದಲ್ಲಿ ‘ಆರೈಕೆದಾರೆ’ ಎಂದಿತ್ತು. ಮಕ್ಕಳಿಗೆ ಅವಳು ಗಂಗಕ್ಕ. ಈ ಹನ್ನೊಂದು ವರ್ಷದಲ್ಲಿ ಎಷ್ಟೋ ಮಕ್ಕಳು ಬಂದರು, ಹೋದರು. ಅವರು ಹೋಗುವಾಗ ಗಂಗಲಕ್ಷ್ಮಿ ಗೇಟಿನವರೆಗೆ ಬಂದು, “ಮೂಗು ಸೀಟ್ಕೊಳೋದ ಕಲಿಯೇ!” ಎಂದು ಕೂಗಿ ಹೇಳಿ, ತಿರುಗಿ ಬಂದು ಬಟ್ಟೆ ಹಿಂಡುತ್ತಿದ್ದಳು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಅವಳದೊಂದೇ ಪಾಠ: “ಇವು ನಮ್ಮವಲ್ಲ ಕಣಮ್ಮ. ನಾವು ಕಾಯೋರು ಅಷ್ಟೆ.”

ಅವಳು ಕೆಲಸಕ್ಕೆ ಸೇರಿದ ಎಂಟನೇ ವರ್ಷ ದಾನೇಶ್ವರಿ ಬಂದಳು. ಆಗ ಆ ಮಗುವಿಗೆ ಐದು ವರ್ಷ. ಅಪ್ಪ ಬಿಟ್ಟುಹೋಗಿದ್ದ. ಅಮ್ಮ ಮಂಗಳಾಗೆ ಕ್ಷಯ ಹಿಡಿದು, ಮದುವೆ ಮನೆಗಳಲ್ಲಿ ಪಾತ್ರೆ ತೊಳೆಯುತ್ತಿದ್ದ ಕೆಲಸವೂ ಹೋಗಿ, ಮಗುವನ್ನು ನೋಡುವವರಿಲ್ಲದೆ ತಾನೇ ತಂದು ಬಿಟ್ಟು ಆಸ್ಪತ್ರೆಗೆ ಹೋಗಿದ್ದಳು. ಮಗು ಅಳಲಿಲ್ಲ, ಹಟ ಮಾಡಲಿಲ್ಲ. ಊಟ ಮಾತ್ರ ಬಿಟ್ಟುಬಿಟ್ಟಿತು. ಬಾಯಿಗೆ ಹಾಕಿದ್ದನ್ನು ಕೆನ್ನೆಯೊಳಗೆ ಇಟ್ಟುಕೊಂಡು ಕೂತುಬಿಡುತ್ತಿತ್ತು. ಗಂಗಲಕ್ಷ್ಮಿ ಗದರಿದಳು, ಮುದ್ದು ಮಾಡಿದಳು, ಕೊನೆಗೆ ತಟ್ಟೆ ಹಿಡಿದು, ಮಗುವನ್ನು ಸೊಂಟಕ್ಕೇರಿಸಿಕೊಂಡು ಹಿತ್ತಲ ತೋಟಕ್ಕೆ ನಡೆದಳು. ಒಂದು ಮರಕ್ಕೆ ಒಂದು ತುತ್ತು. ನುಂಗಿದರೆ ಮಾತ್ರ ಮುಂದಿನ ಮರ. ಮೊದಲ ದಿನ ನಾಲ್ಕು ಮರ ಆಯಿತು. ಎರಡು ತಿಂಗಳು ಹೊತ್ತು ತಿರುಗಿದ ಮೇಲೆ ಮಗು ತಾನೇ ನೆಲದ ಮೇಲೆ ಕೂತು ಒಂದು ಮುದ್ದೆ ಪೂರ್ತಿ ಉಂಡಿತು. ಅವತ್ತು ಗಂಗಲಕ್ಷ್ಮಿ ಮನೆಗೆ ಹೋಗಿ ಮಗ ಶಿವರಾಜುಗೆ ಅದನ್ನೇ ಮೂರು ಸಲ ಹೇಳಿದಳು. ಕೊಟ್ಟದ್ದನ್ನೆಲ್ಲ ಕಮಕ್ ಕಿಮಕ್ ಎನ್ನದೆ ತಿಂದು ಬೆಳೆದ ಶಿವರಾಜುಗೆ ಇದರಲ್ಲಿ ಹೇಳುವಂಥದ್ದೇನಿದೆ ಎಂದು ತಿಳಿಯಲಿಲ್ಲ.

ಇಷ್ಟಾದ ಮೇಲೆ ಆ ಮಗು ತನ್ನದಲ್ಲ ಎಂದು ಅವಳಿಗೆ ನೆನಪಿದ್ದೀತು ಹೇಗೆ?

ಮೂರು ವರ್ಷ ಕಳೆಯುವಷ್ಟರಲ್ಲಿ ಮಂಗಳಾ ಗುಣವಾಗಿ, ಫ್ಯಾಕ್ಟರಿ ಕೆಲಸ ಹಿಡಿದು, ಮಗಳನ್ನು ಕೊಡಿ ಎಂದು ಅರ್ಜಿ ಹಾಕಿದಳು. ಮಗುವನ್ನು ಕೊಡುವುದು ಬಿಡುವುದು ತುಮಕೂರಿನ ಮಕ್ಕಳ ಕಲ್ಯಾಣ ಸಮಿತಿಯವರ ಕೈಲಿತ್ತು. ಕೆಲವು ತಿಂಗಳು ತಾಯಿ ಬಂದು ಹೋಗಲಿ, ಹೇಗಿರುತ್ತಾಳೆಂದು ಭೇಟಿ ಪುಸ್ತಕದಲ್ಲಿ ಬರೆದು ಕಳಿಸಿ ಎಂದರು ಅವರು. ಹೀಗೆ ತಿಂಗಳ ಎರಡನೇ ಭಾನುವಾರ ಮಂಗಳಾ ಬರತೊಡಗಿದಳು. ಅಮ್ಮ ಮಗಳು ವರಾಂಡದ ಬೆಂಚಿನ ಮೇಲೆ, ನಾಲ್ಕು ಮಾರು ಆಚೆ ಕುರ್ಚಿ ಹಾಕಿಕೊಂಡು ಗಂಗಲಕ್ಷ್ಮಿ.

ಮೊದಲ ಭೇಟಿಗೇ ಮಂಗಳಾ ಒತ್ತುಶಾವಿಗೆ ತಂದಳು. ಒಂದು ಡಬ್ಬಿಯಲ್ಲಿ ಶಾವಿಗೆ, ಸ್ಟೀಲ್ ಬಾಟಲಿಯಲ್ಲಿ ಬೆಲ್ಲ ಏಲಕ್ಕಿ ಹಾಕಿದ ಕಾಯಿಹಾಲು. ಹಿಂದೊಮ್ಮೆ ಯಾರೋ ನೆಂಟರು ತಂದ ತಿಂಡಿ ತಿಂದು ನಾಲ್ಕು ಮಕ್ಕಳು ವಾಂತಿ ಮಾಡಿಕೊಂಡಿದ್ದರಿಂದ ನಿಲಯದಲ್ಲಿ ಒಂದು ನಿಯಮ ಬಂದಿತ್ತು. ಹೊರಗಿನಿಂದ ಏನೇ ಬಂದರೂ ಮೊದಲು ಆರೈಕೆದಾರೆ ರುಚಿ ನೋಡಬೇಕು, ಆಮೇಲೆ ಮಗುವಿಗೆ. ಗಂಗಲಕ್ಷ್ಮಿ ಒಂದು ಚಮಚ ಬಾಯಿಗಿಟ್ಟಳು. ಹದವಾಗಿತ್ತು. ಬರೀ ಹದವಲ್ಲ, ಅವಳ ಇಡೀ ಜನ್ಮದಲ್ಲಿ ತಿಂದದ್ದೆಲ್ಲದಕ್ಕಿಂತ ರುಚಿಯಾಗಿತ್ತು. ದಾನೇಶ್ವರಿ ಮೂರು ಸಲ ಹಾಕಿಸಿಕೊಂಡಳು, ಬೆರಳು ನೆಕ್ಕಿದಳು. ಒಂದು ಮರವೂ ಬೇಕಾಗಲಿಲ್ಲ. ಗಂಗಲಕ್ಷ್ಮಿಯ ಹೊಟ್ಟೆಯೊಳಗೆ ಚುರ್ ಎಂದಿತು.

ಅದು ಅಲ್ಲಿಗೇ ಆರಲಿಲ್ಲ. ಮಂಗಳಾ ಉಟ್ಟ ಸೀರೆ, ಮಗಳ ಕೆನ್ನೆ ಹಿಡಿಯುವ ರೀತಿ, ‘ಕಂದಾ’ ಎಂದು ಎಳೆಯುವ ರಾಗ, ಎಲ್ಲದಕ್ಕೂ ಮೂಗು ಮುರಿದಳು. ಮೂರು ವರ್ಷ ಎಲ್ಲಿದ್ದಳಂತೆ? ಕಾಯಿಲೆ ಬಿದ್ದಿದ್ದಳು ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು, ಆದರೂ ಕೇಳಿಕೊಂಡಳು. ಪಕ್ಕದ ಮನೆಯ ಚಿಕ್ಕಗೌರಮ್ಮನ ಹತ್ತಿರ ಶಾವಿಗೆ ಒರಳು ಇಸಕೊಂಡು, ಗಂಡನ ಕೈಲಿ ಒತ್ತಿಸಿ, ತಾನೂ ಒಂದು ದಿನ ಶಾವಿಗೆ ಮಾಡಿ ತಂದಳು. ದಾನೇಶ್ವರಿ ತಿಂದು, “ಚೆನ್ನಾಗೈತೆ ಗಂಗಕ್ಕ” ಎಂದಳು. ನೆಂಟರ ಮನೆಯಲ್ಲಿ ಹೇಳುವ ಹಾಗೆ ಹೇಳಿದಳು. ಗಂಗಲಕ್ಷ್ಮಿ ಉಳಿದದ್ದನ್ನು ವಾಪಸ್ ಮನೆಗೆ ಹೊತ್ತುಕೊಂಡು ಹೋಗಿ ಶ್ರೀರಂಗಯ್ಯನ ಮೇಲೆ ಹಾರಾಡಿದಳು, ಸರಿಯಾಗಿ ಒತ್ತಲಿಲ್ಲ ಎಂದು.

ನಾಲ್ಕನೇ ಭೇಟಿಯ ಹಿಂದಿನ ದಿನ ನಿಲಯದ ಮೇಲ್ವಿಚಾರಕಿ ನಿರ್ಮಲಾ ಮೇಡಂ ಕರೆದು, “ಇದೊಂದು ಭೇಟಿ ಚೆನ್ನಾಗಿ ಆದರೆ ಮುಗೀತು ಗಂಗಲಕ್ಷ್ಮಿ. ಬರೋ ವಾರ ಸಮಿತಿ ಕೂರುತ್ತೆ, ದಾನೇಶ್ವರೀನ ಕಳಿಸಿಕೊಡ್ತಾರೆ” ಎಂದರು. ಹೂಂ ಎಂದು ಬಂದವಳಿಗೆ ಅವತ್ತು ಊಟ ಸೇರಲಿಲ್ಲ.

ಮರುದಿನ ಮಂಗಳಾ ಬಂದಳು. ಅದೇ ಡಬ್ಬಿ, ಅದೇ ಬಾಟಲಿ. ಗಂಗಲಕ್ಷ್ಮಿ ಕಾಯಿಹಾಲನ್ನು ಚಮಚಕ್ಕೆ ಬಗ್ಗಿಸಿ ನಾಲಿಗೆಗೆ ಹಚ್ಚಿದಳು. ತಾಜಾ ಹಾಲು. ದಾನೇಶ್ವರಿ ಆಗಲೇ ತಟ್ಟೆ ಮುಂದಿಟ್ಟುಕೊಂಡು ಕಾಲು ಆಡಿಸುತ್ತಿದ್ದಳು.

“ಹುಳಿ ಹೊಡ್ದೈತೆ” ಎಂದಳು ಗಂಗಲಕ್ಷ್ಮಿ.

ಮಂಗಳಾ ತಲೆ ಎತ್ತಿದಳು. “ಏನಂದ್ರಿ ಅಕ್ಕ?”

“ಹಾಲು ಕೆಟ್ಟೋಗೈತೆ ಕಣಮ್ಮ. ಈ ಬಿಸಿಲಲ್ಲಿ ಅಷ್ಟು ದೂರದಿಂದ ತಂದ್ರೆ ಇನ್ನೇನಾಗ್ತದೆ? ಮಗೀಗೆ ಇದ ಕುಡಿಸಿ ಆಸ್ಪತ್ರೆಗೆ ಹೊತ್ಕಂಡೋಗೋದಾ?”

ಹೇಳಿದವಳೇ ವರಾಂಡದ ಮೆಟ್ಟಿಲಿಳಿದು, ಬಚ್ಚಲ ಮೋರಿಗೆ ಬಾಟಲಿಯನ್ನು ಬಗ್ಗಿಸಿಬಿಟ್ಟಳು. ಬೆಲ್ಲದ ಬಣ್ಣದ ಹಾಲು, ಏಲಕ್ಕಿಯ ಘಮ ಬೀರುತ್ತ ಹರಿದು ಹೋಯಿತು. ನಿಜ ಹೇಳಬೇಕೆಂದರೆ ಅವಳಿಗೆ ಒಳಗೆ ತಣ್ಣಗಾಯಿತು. ದಾನೇಶ್ವರಿ ಅಳತೊಡಗಿದಳು. ಮಂಗಳಾ ಒಂದೇ ಒಂದು ಮಾತು ಎದುರಾಡಲಿಲ್ಲ. ಬಾಟಲಿ ಇಸಕೊಂಡು, ನಲ್ಲಿಯಲ್ಲಿ ತೊಳೆದು ಚೀಲಕ್ಕೆ ಹಾಕಿಕೊಂಡಳು. ಭೇಟಿ ಪುಸ್ತಕದಲ್ಲಿ ಗಂಗಲಕ್ಷ್ಮಿ ಬರೆದಳು: ‘ತಾಯಿ ಕೆಟ್ಟ ಆಹಾರ ತಂದಿದ್ದರು. ಮಗು ಅತ್ತಿತು.’

ಸಮಿತಿಯವರು ಅದನ್ನು ಓದಿದರು. ತಾಯಿಯದು ಮೊದಲೇ ಕಾಯಿಲೆ ಆಗಿದ್ದ ದೇಹ, ಅಡುಗೆ, ಸ್ವಚ್ಛತೆ ಹೇಗಿದೆಯೋ ಇನ್ನೂ ಮೂರು ತಿಂಗಳು ನೋಡೋಣ ಎಂದು ಮುಂದಕ್ಕೆ ಹಾಕಿದರು. ಸುದ್ದಿ ಕೇಳಿ ಗಂಗಲಕ್ಷ್ಮಿಗೆ ಖುಷಿಯಾಯಿತು. ಇಲ್ಲ ಎಂದರೆ ಸುಳ್ಳಾಗುತ್ತದೆ. ಅವತ್ತು ಇಪ್ಪತ್ತೆರಡು ಮಕ್ಕಳಿಗೂ ತನ್ನ ಕೈಯಾರೆ ಬಿಸಿಬಿಸಿ ಬೋಂಡಾ ಕರಿದು ಹಾಕಿದಳು.

ಮುಂದಿನ ಭೇಟಿಗೆ ಮಂಗಳಾ ಬರಿಗೈಯಲ್ಲಿ ಬಂದಳು.

“ಶಾವಿಗೆ ಯಾಕಮ್ಮ ತಂದಿಲ್ಲ?” ಎಂದು ಕೇಳಿದಳು ದಾನೇಶ್ವರಿ.

“ನಂಗೆ ಸರಿಯಾಗಿ ಮಾಡಕ್ಕೆ ಬರಾಕಿಲ್ಲ ಕಂದಾ. ಗಂಗಕ್ಕ ಮಾಡ್ಕೊಡ್ತಾರೆ, ಅದ ತಿನ್ನು.”

ಕುರ್ಚಿಯಲ್ಲಿ ಕೂತಿದ್ದ ಗಂಗಲಕ್ಷ್ಮಿಗೆ ಗೆದ್ದ ಹಾಗನಿಸಬೇಕಿತ್ತು. ಅನಿಸಲಿಲ್ಲ. ಹೊತ್ತಾದ ಮೇಲೆ ಮಂಗಳಾಳನ್ನು ಬಿಡಲು ಗೇಟಿನವರೆಗೆ ಹೋದಳು. ಬಸ್ ಬರುವುದು ತಡವಿತ್ತು. ಸುಮ್ಮನಿರಲಾಗದೆ ಕೇಳಿಯೇಬಿಟ್ಟಳು.

“ಒಂದ್ಸಲ ಕೆಟ್ಟಿತು ಅಂತ ತರೋದೇ ಬುಟ್ಬುಡೋದಾ?”

ಮಂಗಳಾ ರಸ್ತೆ ಕಡೆಗೇ ನೋಡುತ್ತ ಹೇಳಿದಳು: “ಕೆಟ್ಟಿರಲಿಲ್ಲ ಕಣಕ್ಕ. ಆರು ಗಂಟೇಲಿ ಹಿಂಡಿದ ಹಾಲು. ಬಸ್ ಇಳಿದು ನಾನೂ ಒಂದು ತೊಟ್ಟು ಕುಡ್ದು ನೋಡಿದ್ದೆ.”

“ಮತ್ತೆ ಅವತ್ತೇ ಯಾಕೆ ಬಾಯ್ಬುಡ್ಲಿಲ್ಲ? ಮೇಡಂಗೆ ಹೇಳ್ಬೋದಿತ್ತಲ್ಲ?”

“ಹೇಳಿ ನಾನು ಬಸ್ ಹತ್ತಿ ಹೋಯ್ತೀನಿ. ಆಮೇಲೆ ಮಗಾ ಯಾರ ಕೈಲಿರ್ತದೆ? ನಿಮ್ ಕೈಲಿ ತಾನೆ? ನನ್ ಮೇಲಿನ ಸಿಟ್ಟು ಅದರ ಮೇಲೆ ಹೋದ್ರೆ?”

ಅವಳು ಬೈದಿದ್ದರೆ ಗಂಗಲಕ್ಷ್ಮಿ ಎರಡು ಮಾತು ಜಾಸ್ತಿಯೇ ತಿರುಗಿಸಿ ಬೈಯುತ್ತಿದ್ದಳು, ಅದರಲ್ಲಿ ಅವಳದು ಎತ್ತಿದ ಕೈ. ಇದು ಬೈಗುಳವಾಗಿರಲಿಲ್ಲ. ಹನ್ನೊಂದು ವರ್ಷದಲ್ಲಿ ಒಂದು ಮಗುವಿನ ಮೇಲೂ ಕೈ ಎತ್ತಿರಲಿಲ್ಲ. ಅಂಥವಳಿಗೆ, ಮಗುವನ್ನು ಏನು ಮಾಡಿಬಿಡುತ್ತಾಳೋ ಎಂದು ಒಬ್ಬ ತಾಯಿ ಒಂದು ತಿಂಗಳಿಂದ ಹೆದರಿಕೊಂಡು ಬದುಕುತ್ತಿದ್ದಳು. ಹೆದರುವುದಕ್ಕೆ ಕಾರಣವನ್ನೂ ಗಂಗಲಕ್ಷ್ಮಿಯೇ ಕೊಟ್ಟಿದ್ದಳು.

ಬಸ್ ಬಂತು. ಮಂಗಳಾ ಕೈಮುಗಿದು, “ಬತ್ತೀನಿ ಅಕ್ಕ, ನಾನಂದಿದ್ದ ಮನಸ್ನಾಗೆ ಇಕ್ಕೋಬ್ಯಾಡಿ” ಎಂದು ಹತ್ತಿಕೊಂಡಳು.

ಗಂಗಲಕ್ಷ್ಮಿ ಅಲ್ಲಿಂದ ನೆಟ್ಟಗೆ ಆಫೀಸಿಗೆ ಹೋದಳು. ಮೇಡಂ ಫೋನಿನಲ್ಲಿದ್ದರು. ಮುಗಿಯುವವರೆಗೆ ಕಾದರೆ ಮನಸ್ಸು ಬದಲಾದೀತೆಂದು ಹೆದರಿ, ಅವರು ಮಾತಾಡುತ್ತಿರುವಾಗಲೇ ಹೇಳಿಬಿಟ್ಟಳು.

“ಅವತ್ತು ಹಾಲು ಕೆಟ್ಟಿರಲಿಲ್ಲ ಮೇಡಂ. ನಾನು ಸುಳ್ಳು ಬರೆದೆ.”

ಮೇಡಂ ಫೋನ್ ಇಟ್ಟರು. “ಯಾಕೆ?”

“ಹೊಟ್ಟೆಕಿಚ್ಚಿಗೆ.”

ಮೇಡಂ ಭೇಟಿ ಪುಸ್ತಕ ತೆಗೆದು ಆ ಪುಟ ನೋಡಿದರು. “ಇದನ್ನ ನಾನು ಸಮಿತಿಗೆ ಕಳಿಸಬೇಕಾಗುತ್ತೆ. ನಿಮ್ಮ ಕೆಲಸ ಹೋಗಬಹುದು, ಗೊತ್ತಲ್ವಾ? ಬೇರೆ ಏನಾದರೂ ಕಾರಣ ಇದ್ರೆ ಹೇಳಿ.”

“ಬೇರೆ ಏನಿಲ್ಲ. ಹೊಟ್ಟೆಕಿಚ್ಚು ಅಂತಲೇ ಬರ್ಕಳಿ.”

ಹದಿನೈದು ದಿನಕ್ಕೆ ತುಮಕೂರಿನಿಂದ ಕರೆ ಬಂತು. ಉದ್ದನೆಯ ಮೇಜಿನ ಹಿಂದೆ ಸಮಿತಿಯವರು, ಈ ಕಡೆ ಒಂದೇ ಸಾಲಿನಲ್ಲಿ ನಿರ್ಮಲಾ ಮೇಡಂ, ಗಂಗಲಕ್ಷ್ಮಿ, ಮಂಗಳಾ. ದಾನೇಶ್ವರಿಯನ್ನು ತಾಯಿಯ ಜೊತೆ ಕಳಿಸುವುದೆಂದು ಐದೇ ನಿಮಿಷದಲ್ಲಿ ತೀರ್ಮಾನವಾಯಿತು. ಅದನ್ನು ಕೇಳಿ ಮಂಗಳಾ ಬಿಕ್ಕಿಬಿಕ್ಕಿ ಅತ್ತಳು. ಗಂಗಲಕ್ಷ್ಮಿಗೂ ಅಳು ಬಂತು, ಆದರೆ ಅವಳದು ಬೇರೆಯ ಅಳು. ಆಮೇಲೆ ಸಮಿತಿಯ ಹಿರಿಯರೊಬ್ಬರು ಕನ್ನಡಕ ತೆಗೆದು ಮಂಗಳಾಳ ಕಡೆ ತಿರುಗಿದರು.

“ಇವರಿಂದ ನಿಮಗೆ ಅನ್ಯಾಯ ಆಗಿದೆ. ಇವರನ್ನ ಕೆಲಸದಲ್ಲಿ ಇಟ್ಕೊಳ್ಳಬೇಕಾ ಬೇಡವಾ ಅಂತ ನಾವು ಯೋಚನೆ ಮಾಡಬೇಕು. ನಿಮ್ಮ ದೂರು ಏನಿದ್ರೂ ಹೇಳಿ, ಹೆದರಬೇಡಿ.”

ಗಂಗಲಕ್ಷ್ಮಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡು ಕೂತಳು. ಹೇಳಲಿ, ಹೇಳುವುದಕ್ಕೆ ಅವಳಿಗೆ ಹಕ್ಕಿದೆ ಎಂದುಕೊಂಡಳು.

ಮಂಗಳಾ ಕಣ್ಣೊರೆಸಿಕೊಂಡು ಎದ್ದು ನಿಂತಳು. “ಮೂರು ವರ್ಸ ಆಯ್ತು ಸಾರ್. ನನ್ ಮಗಳ ತಲೇಲಿ ಒಂದು ಹೇನಿಲ್ಲ, ಮೈಮೇಲೆ ಒಂದು ಕಜ್ಜಿಯಿಲ್ಲ. ಅಷ್ಟೇ ನಾ ಹೇಳೋದು.” ಹೇಳಿ ಕೂತುಬಿಟ್ಟಳು.

ಎಂಥ ಮಾತು! ಗಂಗಲಕ್ಷ್ಮಿ ತಲೆ ತಗ್ಗಿಸಿದಳು. ಇವಳ ಜಾಗದಲ್ಲಿ ತಾನಿದ್ದಿದ್ದರೆ ಈ ಮಾತು ತನ್ನ ಬಾಯಿಂದ ಖಂಡಿತ ಬರುತ್ತಿರಲಿಲ್ಲ ಎಂದು ಅವಳಿಗೆ ಗೊತ್ತಿತ್ತು. ಅದಕ್ಕೂ ಅವಳಿಗೆ ಹೊಟ್ಟೆ ಉರಿಯಿತು.