ಅಕ್ಕ ಆರಿಸಿಕೊಂಡ ಬಡಾವಣೆ

ಮೊನ್ನೆ ಬಾಶೆಟ್ಟಿಹಳ್ಳಿಯ ನಮ್ಮ ಫ್ಯಾಕ್ಟರಿ ಕ್ಯಾಂಟೀನಿನಲ್ಲಿ ಊಟಕ್ಕೆ ಕೂತಿದ್ದಾಗ ಇನಾಯತ್ ತನ್ನ ಮೊಬೈಲನ್ನು ನನ್ನ ತಟ್ಟೆಯ ಪಕ್ಕಕ್ಕೆ ಸರಿಸಿದ. ಅವನೂ ನಾನೂ ಸ್ಟೋರ್ಸಿನಲ್ಲಿ ಎಷ್ಟೋ ವರ್ಷದಿಂದ ಜೊತೆಗಿರುವವರು. ಅವನ ತಂಗಿಯ ಮಗಳ ಮದುವೆ ಹೈದರಾಬಾದಿನಲ್ಲಿ. ಮನೆಮಂದಿಯೆಲ್ಲ ಹೊರಟಿದ್ದಾರೆ, ಎಲ್ಲಿ ಉಳಿದುಕೊಳ್ಳುವುದೆಂದು ಹುಡುಕುತ್ತಿದ್ದ. ಬಿಳಿ ಹಾಸಿಗೆಗಳು, ಹೊಳೆಯುವ ಬಚ್ಚಲುಗಳು ಒಂದರ ಹಿಂದೆ ಒಂದು ಸರಿದುಹೋಗುತ್ತಿದ್ದವು. ಒಂದು ಚಿತ್ರದ ಮೇಲೆ ಬೆರಳಿಟ್ಟು, "ಇದು ನೋಡು ಗುರು, ತುಂಬಾ ಸೈಲೆಂಟ್ ಏರಿಯಾ ಅಂತೆ. ಅಕ್ಕಪಕ್ಕದವರದು ಏನೂ ತಂಟೆ ಇಲ್ಲ ಅಂತ ಬರ್ದಿದಾರೆ" ಎಂದ.

ನಾನು ಹೂಂ ಅಂದೆ. ಆದರೆ ಕಲಸಿದ ಅನ್ನ ಹಾಗೇ ಉಳಿಯಿತು. ಪಾಪ, ಅವನೇನೂ ತಪ್ಪು ಮಾತಾಡಿರಲಿಲ್ಲ. ಊರು ಬಿಟ್ಟು ಊರಿಗೆ ಹೋಗುವವರು ಯಾರಾದರೂ ಸದ್ದಿಲ್ಲದ ಜಾಗವನ್ನೇ ಹುಡುಕುತ್ತಾರೆ. ನೀವೂ ಹುಡುಕಿರುತ್ತೀರಿ. ನನ್ನ ಅಕ್ಕ ಒಬ್ಬಳು ಮಾತ್ರ ಬೇರೆ ಲೆಕ್ಕ ಹಾಕಿ ಒಂದು ಬಡಾವಣೆಯನ್ನು ಆರಿಸಿಕೊಂಡಳು. ಅದನ್ನು ನಿಮಗೆ ಹೇಳಬೇಕು ಅನ್ನಿಸಿದೆ.

ಮೊದಲಿಗೆ ಒಂದು ವಿಷಯ. ನಮ್ಮ ಕಡೆಯವರು ಬೆಂಗಳೂರಿಗೆ ಹೋಗಿ ಉಳಿಯುವುದಿಲ್ಲ. ಬೆಳಿಗ್ಗೆ ಹೋಗುತ್ತೇವೆ, ಸಂಜೆ ಬಂದುಬಿಡುತ್ತೇವೆ. ಅಲ್ಲಿ ರಾತ್ರಿ ಉಳಿದೆವು ಅಂದರೆ ಒಂದೋ ಮದುವೆ, ಇಲ್ಲವೇ ಆಸ್ಪತ್ರೆ. ನಮ್ಮೂರಿರುವುದು ದೊಡ್ಡಬಳ್ಳಾಪುರದ ಹತ್ತಿರ, ಮಾಕಳಿದುರ್ಗದ ಬೆಟ್ಟದ ಕೆಳಗೆ. ಶನಿವಾರ ಭಾನುವಾರ ಬೆಂಗಳೂರಿನ ಹುಡುಗ ಹುಡುಗಿಯರು ಬೆನ್ನಿಗೆ ಚೀಲ ಹಾಕಿಕೊಂಡು ಬೆಟ್ಟ ಹತ್ತಲು ಬರುತ್ತಾರೆ, ಇಲ್ಲಿ ಉಳಿಯೋಕೆ ಎಲ್ಲಿ ಚೆನ್ನಾಗಿದೆ ಎಂದು ನಮ್ಮನ್ನು ಕೇಳುತ್ತಾರೆ. ನಮಗೆ ನಗು ಬರುತ್ತದೆ. ನಾವೇನೋ ದೊಡ್ಡ ಬುದ್ಧಿವಂತರು ಎಂದಲ್ಲ. ಇಷ್ಟು ವರ್ಷ ಓಡಾಡಿದರೂ ಮೆಜೆಸ್ಟಿಕ್ಕಿನಲ್ಲಿ ಇಳಿದರೆ ನಮ್ಮ ಬಸ್ಸು ನಿಲ್ಲುವ ಜಾಗವನ್ನು ಮೂರು ಜನರನ್ನು ಕೇಳಿಯೇ ಹುಡುಕುವವನು ನಾನು.

ಅಂಥ ನಾವು ಬೆಂಗಳೂರಿನಲ್ಲಿ ಉಳಿಯಬೇಕಾಗಿ ಬಂದದ್ದು ಕೋರ್ಟಿನಿಂದ. ಅಕ್ಕನ ಹೆಸರು ರತ್ನ. ಭಾವ ತೀರಿಹೋದ ಮೇಲೆ ಎರಡು ಹಸು ಕಟ್ಟಿಕೊಂಡು, ಡೈರಿಗೆ ಹಾಲು ಹಾಕಿ, ಇದ್ದೊಬ್ಬ ಮಗಳು ಶಶಿಯನ್ನು ಬೆಳೆಸಿದವಳು. ಶಶಿಯನ್ನು ಬೆಂಗಳೂರಿನ ಕತ್ರಿಗುಪ್ಪೆಗೆ ಮದುವೆ ಮಾಡಿಕೊಟ್ಟಿದ್ದೆವು. ಹುಡುಗ ಕಾರು ಮಾರುವ ಷೋರೂಮಿನಲ್ಲಿ ಕೆಲಸದಲ್ಲಿದ್ದ. ಮದುವೆಯಾಗಿ ಮೂರು ವರ್ಷ ತುಂಬುವ ಮೊದಲೇ ಒಂದು ದಿನ, ಶಶಿ ನೇಣು ಹಾಕಿಕೊಂಡಿದ್ದಾಳೆ ಎಂದು ಅವರ ಮನೆಯಿಂದ ಫೋನು ಬಂತು. ನಾವು ಹೋದಾಗ ಅವಳ ಕೈಯ ಮೇಲೆ, ಕುತ್ತಿಗೆಯ ಹಿಂದೆ ಬೇರೆ ಗಾಯಗಳೂ ಇದ್ದವು. ಅಕ್ಕ ಅವನ್ನು ನೋಡಿದಳು. ಅಳಲಿಲ್ಲ. ಪೊಲೀಸರಿಗೆ ತೋರಿಸಿದಳು. ಹಾಗೆ ಕೇಸಾಯಿತು. ಗಂಡನನ್ನೂ ಅವನ ತಾಯಿಯನ್ನೂ ಹಿಡಿದರು. ಕೆಲವು ತಿಂಗಳಿಗೆ ಜಾಮೀನು ಸಿಕ್ಕಿತು. ಅವರು ಆ ಬಾಡಿಗೆ ಮನೆ ಖಾಲಿ ಮಾಡಿ ಬೇರೆ ಕಡೆ ಹೋದರು.

ಸಾವಿಗಿಂತ ಆಮೇಲಿನ ಮಾತುಗಳು ಅಕ್ಕನನ್ನು ಹೆಚ್ಚು ತಿಂದವು. ತಿಥಿಗೆ ಬಂದವರು, ಹಾಲು ಹಾಕಲು ಹೋದಾಗ ಸಿಕ್ಕವರು, ಎಲ್ಲರೂ ಒಂದೇ ಥರ ಮಾತಾಡುತ್ತಿದ್ದರು. ಹುಡುಗಿ ಆತುರಪಟ್ಟುಬಿಟ್ಟಳು, ಹೆತ್ತ ತಾಯಿಯನ್ನಾದರೂ ನೆನೆಸಿಕೊಳ್ಳಬಾರದಿತ್ತೇ, ಜೀವ ಅಂದರೆ ಅಷ್ಟು ಸದರವಾಯಿತೇ ಎಂದು. ಅಕ್ಕ ಯಾರಿಗೂ ಎದುರು ಮಾತಾಡಲಿಲ್ಲ. ಮನೆಗೆ ಬಂದು ಹಸುವಿನ ಮೈ ತೊಳೆಯುತ್ತ ನಿಂತುಬಿಡುತ್ತಿದ್ದಳು.

ಸಾಕ್ಷಿಗಳನ್ನು ವಿಚಾರಿಸುವ ಮೊದಲ ದಿನ ನಾವು ದೊಡ್ಡಬಳ್ಳಾಪುರದಿಂದ ಬೆಳಿಗ್ಗೆಯೇ ಹೊರಟಿದ್ದರೂ ಹೆಬ್ಬಾಳದ ಹತ್ತಿರ ಬಸ್ಸು ನಿಂತಿದ್ದು ನಿಂತೇ ಇತ್ತು. ಕೋರ್ಟು ಮುಟ್ಟುವಷ್ಟರಲ್ಲಿ ಕೇಸು ಕೂಗಿ ಮುಂದಕ್ಕೆ ಹಾಕಿ ಆಗಿತ್ತು. ಇನ್ನು ಮುಂದೆ ಹಿಂದಿನ ದಿನವೇ ಹೋಗಿ ಉಳಿಯೋಣ ಎಂದು ನಾನೇ ಹೇಳಿದೆ. ಎಲ್ಲಿ ಉಳಿಯುವುದು ಎಂಬ ವಿಷಯದಲ್ಲಿ ಬಹಳ ಉತ್ಸಾಹದಿಂದ ತಲೆ ಓಡಿಸಿದೆ. ದುಃಖದ ಮನೆಯಲ್ಲಿ ಗಂಡಸಿಗೆ ಮಾಡಲು ಇಂಥ ಕೆಲಸವೊಂದು ಸಿಕ್ಕರೆ ಅದನ್ನೇ ಹಿಡಿದುಕೊಂಡುಬಿಡುತ್ತಾನೆ. ಯಲಹಂಕದಲ್ಲಿ ಚಿಕ್ಕಪ್ಪನ ಮಗನ ಮನೆಯಿದೆ, ಆದರೆ ಅವನ ಹೆಂಡತಿಯ ಪ್ರಶ್ನೆಗಳಿಗೆ ಉತ್ತರ ಹೇಳಬೇಕು. ಗಾಂಧಿನಗರದಲ್ಲಿ ಲಾಡ್ಜುಗಳಿವೆ, ಅಲ್ಲಿಂದ ಕೋರ್ಟಿಗೆ ನಡೆದೇ ಹೋಗಬಹುದು. ಎಲ್ಲವನ್ನೂ ಬಿಡಿಸಿ ಹೇಳಿದೆ. ಅಕ್ಕ ಕೊನೆಯವರೆಗೂ ಕೇಳಿಸಿಕೊಂಡು, ಕತ್ರಿಗುಪ್ಪೆಯಲ್ಲಿ ರೂಮು ಸಿಗಲ್ಲವೇ ಎಂದು ಕೇಳಿದಳು.

ಅಲ್ಲಿಂದ ಕೋರ್ಟಿಗೆ ಮತ್ತೆ ಬಸ್ಸು ಹಿಡಿಯಬೇಕು, ಆ ಬೀದಿ ನೋಡಿದರೆ ಸಂಕಟವೇ ಹೊರತು ಏನು ಸುಖ ಎಂದೆಲ್ಲ ಹೇಳಿದೆ.

"ಅವಳು ಇದ್ದಾಗ ಒಂದು ರಾತ್ರಿನೂ ನಾನಲ್ಲಿ ಇರ್ಲಿಲ್ಲ ಕಣೋ" ಎಂದಳು.

ನಿಜ. ಅಕ್ಕ ಸೊಪ್ಪು, ಅವರೆಕಾಯಿ, ತುಪ್ಪ ಹೊತ್ತುಕೊಂಡು ಮಗಳ ಮನೆಗೆ ಹೋದಾಗಲೆಲ್ಲ ಶಶಿ ಮಧ್ಯಾಹ್ನದ ಹೊತ್ತಿಗೇ ಬಸ್ಸು ಹತ್ತಿಸಿಬಿಡುತ್ತಿದ್ದಳು. ಮನೆ ಚಿಕ್ಕದು, ಮಲಗಲು ಜಾಗವಿಲ್ಲ, ಅವರು ಬರುವುದರೊಳಗೆ ಹೊರಡಮ್ಮ ಎನ್ನುತ್ತಿದ್ದಳು. ಬೆಂಗಳೂರಿನ ಮನೆಗಳೇ ಹಾಗೆ ಎಂದುಕೊಂಡು ಅಕ್ಕ ಬಂದುಬಿಡುತ್ತಿದ್ದಳು.

ಕತ್ರಿಗುಪ್ಪೆಯಲ್ಲಿ ಒಂದು ದರ್ಶಿನಿ ಹೋಟೆಲಿನ ಮಹಡಿಯ ಮೇಲೆ ರೂಮು ಸಿಕ್ಕಿತು. ಇಡೀ ದಿನ ಸಾಂಬಾರಿನ ವಾಸನೆ, ಗ್ರೈಂಡರಿನ ಸದ್ದು. ಶಶಿಯಿದ್ದ ಬೀದಿ ಅಲ್ಲಿಗೆ ಎರಡು ಕ್ರಾಸ್ ಆಚೆ. ನಾವು ಅಲ್ಲಿದ್ದೇವೆಂದು ತಿಳಿದು ಸರ್ಕಾರಿ ವಕೀಲರು ಮುಖ ಗಂಟಿಕ್ಕಿದರು. ನಮ್ಮ ಕೇಸಿಗೆ ಇದ್ದ ಗಟ್ಟಿ ಸಾಕ್ಷಿ ಒಬ್ಬರೇ, ಶಶಿಯ ಮನೆಯ ಎದುರು ಬಾಗಿಲಿನ ವಿಮಲಮ್ಮ. ಶಶಿ ಸತ್ತ ಸಂಜೆ ಜಗಳದ ಸದ್ದು, ಹೊಡೆತದ ಸದ್ದು ಕೇಳಿಸಿತ್ತು ಎಂದು ಆಕೆ ಪೊಲೀಸರಿಗೆ ಹೇಳಿದ್ದರು. ನೀವು ಆಕೆಯ ಹತ್ತಿರ ಒಂದು ಮಾತು ಆಡಿದರೂ ಸಾಕ್ಷಿಯನ್ನು ಒಲಿಸಿಕೊಂಡರು ಎಂದು ಆ ಕಡೆಯ ವಕೀಲರು ಎದ್ದು ನಿಲ್ಲುತ್ತಾರೆ, ನೆನಪಿರಲಿ ಎಂದರು. ಅಕ್ಕ ಮಾತಾಡುವುದಿಲ್ಲ ಎಂದು ಒಪ್ಪಿಕೊಂಡಳು. ಒಪ್ಪಿದ ಹಾಗೆಯೇ ನಡೆದುಕೊಂಡಳು.

ಆದರೆ ಪ್ರತಿ ಸಂಜೆ ಆ ಬೀದಿಯಲ್ಲಿ ನಡೆದಳು. ಮಂಡಿ ನೋವಿನ ಕಾಲೆಳೆಯುತ್ತ ಈ ತುದಿಯಿಂದ ಆ ತುದಿಗೆ. ನಾನು ನಾಲ್ಕು ಹೆಜ್ಜೆ ಹಿಂದೆ, ಪಹರೆಯವನ ಹಾಗೆ. ಶಶಿಯಿದ್ದ ಮನೆಗೆ ಬೇರೆ ಯಾರೋ ಬಂದಿದ್ದರು, ಕಿಟಕಿಯಲ್ಲಿ ಮಗುವಿನ ಬಟ್ಟೆ ಒಣಗುತ್ತಿತ್ತು. ತಿರುವಿನಲ್ಲಿ ಹೂ ಮಾರುವ ಹೆಂಗಸೊಬ್ಬಳು ಅಕ್ಕನ ಮುಖ ನೋಡಿ ಶಶಿಯ ತಾಯಿಯಾ ಎಂದು ತಾನಾಗಿ ಕೇಳಿದಳು. ಶುಕ್ರವಾರ ಶುಕ್ರವಾರ ಒಂದು ಮೊಳ ಕನಕಾಂಬರ ತಗೊಳ್ಳುತ್ತಿದ್ದಳಂತೆ. ಆಮೇಲಾಮೇಲೆ ತಲೆ ತಗ್ಗಿಸಿಕೊಂಡು ಹೋಗಿಬಿಡುತ್ತಿದ್ದಳಂತೆ. ಅಕ್ಕ ಅಷ್ಟನ್ನು ಕೇಳಿಸಿಕೊಂಡು ರೂಮಿಗೆ ಬಂದಳು. ಮಗಳ ಬದುಕನ್ನು ಹೀಗೆ ಚೂರು ಚೂರಾಗಿ ಬೀದಿಯಿಂದ ಕೂಡಿಸಿಕೊಳ್ಳುತ್ತಿದ್ದಳು ಎಂದು ನನಗೆ ಆಗ ಅರ್ಥವಾಯಿತು.

ವಿಮಲಮ್ಮನನ್ನೂ ನೋಡಿದೆವು. ತಳ್ಳುಗಾಡಿಯಲ್ಲಿ ಸೊಪ್ಪು ಆರಿಸುತ್ತಿದ್ದರು. ನಮ್ಮನ್ನು ಕಂಡ ಕೂಡಲೇ ಕೈಯಲ್ಲಿದ್ದ ಕಟ್ಟನ್ನು ಹಾಗೇ ಬಿಟ್ಟು ಮನೆಯೊಳಗೆ ಹೋದರು.

ವಾಯಿದೆ ಮೇಲೆ ವಾಯಿದೆ ಬಿದ್ದು, ಕೊನೆಗೊಂದು ದಿನ ಅವರು ಕಟಕಟೆ ಹತ್ತಿದರು. ನಮ್ಮದು ತುಂಬಾ ಸೈಲೆಂಟ್ ಏರಿಯಾ, ಯಾರ ಮನೆ ವಿಷಯಕ್ಕೂ ಯಾರೂ ಹೋಗುವುದಿಲ್ಲ, ಆ ದಿನ ನನಗೆ ಏನೂ ಕೇಳಿಸಲಿಲ್ಲ, ಪೊಲೀಸರ ಮುಂದೆ ನಾನು ಹಾಗೆ ಹೇಳಿಯೂ ಇಲ್ಲ ಎಂದರು. ಸರ್ಕಾರಿ ವಕೀಲರು ಎಷ್ಟು ತಿರುಗಿಸಿ ಕೇಳಿದರೂ ಅದೇ ಉತ್ತರ. ಶಶಿಯ ಗಂಡ ನೆಲ ನೋಡುತ್ತ ನಿಂತಿದ್ದ. ಅಕ್ಕ ವಿಮಲಮ್ಮನ ಮುಖವನ್ನೇ ನೋಡುತ್ತಿದ್ದಳು. ಅವರು ಒಂದು ಸಲವೂ ಈ ಕಡೆ ತಿರುಗಲಿಲ್ಲ.

ನಾವು ರೂಮಿಗೆ ವಾಪಸು ಬಂದು ಚೀಲಕ್ಕೆ ಬಟ್ಟೆ ತುಂಬುತ್ತಿದ್ದೆವು. ಬಾಗಿಲು ತೆರೆದೇ ಇತ್ತು. ನೋಡಿದರೆ ವಿಮಲಮ್ಮ ನಿಂತಿದ್ದಾರೆ, ಕೋರ್ಟಿಗೆ ಉಟ್ಟುಕೊಂಡು ಬಂದಿದ್ದ ಅದೇ ಸೀರೆಯಲ್ಲಿ. ನನಗೆ ಮೈಯೆಲ್ಲ ಉರಿಯಿತು, ಏನಾದರೂ ಅಂದುಬಿಡುತ್ತಿದ್ದೆನೋ ಏನೋ. ಅಕ್ಕ ನನ್ನನ್ನು ಕೈಯಿಂದ ತಡೆದು, ಬನ್ನಿ ಕೂತ್ಕೊಳಿ ಎಂದಳು. ಅವರು ಕೂರಲಿಲ್ಲ. ಹುಡುಗನ ಕಡೆಯವರು ಎರಡು ಸಲ ಮನೆ ಹತ್ತಿರ ಬಂದುಹೋದರೆಂದೂ, ತಮಗೂ ಮದುವೆಗೆ ಬಂದ ಹೆಣ್ಣುಮಕ್ಕಳಿದ್ದಾರೆಂದೂ, ಯಜಮಾನರು ಬೇಡವೆಂದರೆಂದೂ ತಡವರಿಸಿಕೊಂಡು ಹೇಳಿದರು. ಆಮೇಲೆ ಅವರು ಗೋಡೆ ಹಿಡಿದುಕೊಂಡು ಮತ್ತೊಂದು ಮಾತು ಹೇಳಿದರು. ಅದನ್ನು ಪೊಲೀಸರಿಗೂ ಹೇಳಿರಲಿಲ್ಲ.

"ಅವತ್ತು ಸಂಜೆ ಅವಳು ನಮ್ಮನೆ ಬಾಗ್ಲು ತಟ್ಟಿದ್ಲಮ್ಮ. ಆಂಟಿ, ಆಂಟಿ ಅಂತ ಕರೆದ್ಲು. ಗಂಡ ಹೆಂಡ್ತಿ ಜಗಳ, ನಮಗ್ಯಾಕೆ ಅಂದ್ರು ನಮ್ಮೆಜಮಾನ್ರು. ನಾನು ತೆಗೀಲಿಲ್ಲ. ಟೀವಿ ಸೌಂಡ್ ಜಾಸ್ತಿ ಮಾಡ್ಬಿಟ್ಟೆ."

ಅಕ್ಕ ಕೇಳಿದಳು. "ಎಷ್ಟು ಹೊತ್ತು ತಟ್ಟಿದ್ಲು?"

"ಜಾಸ್ತಿ ಹೊತ್ತಿಲ್ಲ. ಆಮೇಲೆ ಯಾರೋ ಎಳ್ಕೊಂಡು ಹೋದಂಗಾಯ್ತು."

ಅಷ್ಟು ಹೇಳಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಮೆಟ್ಟಿಲಿಳಿದು ಹೋದರು. ಅಕ್ಕ ಮಡಿಸುತ್ತಿದ್ದ ಸೀರೆಯನ್ನು ಮಡಿಸಿ ಮುಗಿಸಿದಳು. ದೊಡ್ಡಬಳ್ಳಾಪುರದ ಬಸ್ಸಿನಲ್ಲಿ ಕೂತ ಮೇಲೆ ನನ್ನ ಮುಂಗೈ ಹಿಡಿದುಕೊಂಡಳು.

"ಕೇಳಿಸ್ಕೊಂಡ್ಯೇನೋ? ಸಾಯೋಳು ಯಾಕೆ ಎದುರು ಮನೆ ಬಾಗ್ಲು ತಟ್ತಾಳೆ? ನನ್ನ ಮಗಳು ಬದುಕೋಕೆ ನೋಡಿದ್ಲು ಕಣೋ."

ಮಗಳು ಸತ್ತ ಮೇಲೆ ಅಕ್ಕ ನನ್ನೆದುರಿಗೆ ಅತ್ತದ್ದು ಅವತ್ತೇ ಮೊದಲು. ಯಲಹಂಕ ದಾಟುವವರೆಗೂ ಅಳುತ್ತಲೇ ಇದ್ದಳು. ಕಂಡಕ್ಟರು ಟಿಕೆಟ್ಟಿಗೆ ಬಂದವನು ನಮ್ಮ ಸೀಟು ಬಿಟ್ಟು ಮುಂದೆ ಹೋಗಿ, ಆಮೇಲೆ ಬಂದ.

ಸರ್ಕಾರಿ ವಕೀಲರಿಗೆ ಹೇಳಿದೆವು. ಆಕೆ ಮತ್ತೆ ಬಂದು ಹೇಳುವುದಾದರೆ ಅರ್ಜಿ ಹಾಕಿ ನೋಡಬಹುದು ಎಂದರು. ನಾವು ಹೋಗಿ ನೋಡುವಷ್ಟರಲ್ಲಿ ವಿಮಲಮ್ಮನ ಮನೆಗೆ ಬೀಗ ಬಿದ್ದಿತ್ತು. ಖಾಲಿ ಮಾಡಿಕೊಂಡು ಎಲ್ಲಿಗೆ ಹೋದರೆಂದು ಆ ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಸಾಕ್ಷ್ಯ ಸಾಲದೆಂದು ತಾಯಿ ಮಗ ಇಬ್ಬರೂ ಬಿಡುಗಡೆಯಾದರು. ಹುಡುಗನಿಗೆ ಮತ್ತೆ ಮದುವೆಯಾಯಿತು ಎಂದೂ ಕೇಳಿದೆ. ಅಕ್ಕನಿಗೆ ಹೇಳಿಲ್ಲ, ಅವಳಿಗೆ ಗೊತ್ತಿಲ್ಲದೆಯೂ ಇರಲಾರದು. ಈಗ ಊರಿನಲ್ಲಿ ಯಾರಾದರೂ ಶಶಿ ಆತುರಪಟ್ಟಳು ಎಂದರೆ ಮಾತ್ರ, ಕೈಲಿ ಹಾಲಿನ ಕ್ಯಾನಿದ್ದರೂ ಕೆಳಗಿಟ್ಟು, ಇಲ್ಲ, ಅವಳು ಬಾಗಿಲು ತಟ್ಟಿದ್ದಳು ಎಂದು ಹೇಳಿಯೇ ಮುಂದೆ ಹೋಗುತ್ತಾಳೆ.

ಕೆಲಸಕ್ಕೆ ಹತ್ತಿರವೆಂದು ನಾನಿರುವ ದೊಡ್ಡಬಳ್ಳಾಪುರದ ನಮ್ಮ ಮನೆಯ ಮಹಡಿಗೆ ಹೋದ ವರ್ಷ ಹೊಸದಾಗಿ ಮದುವೆಯಾದ ಜೋಡಿಯೊಂದು ಬಾಡಿಗೆಗೆ ಬಂತು. ಹುಡುಗ ಷಿಫ್ಟಿನ ಕೆಲಸದವನು. ಒಂದು ಸಂಜೆ ಮೇಲಿನಿಂದ ಪಾತ್ರೆ ಬಿದ್ದ ಸದ್ದು, ಹಿಂದೆಯೇ ಹುಡುಗಿಯ ದನಿ. ನಾನು ಪೇಪರಿನಿಂದ ತಲೆಯೆತ್ತಿ ಮತ್ತೆ ತಗ್ಗಿಸಿದೆ. ನಮ್ಮಲ್ಲಿಗೆ ಬಂದಿದ್ದ ಅಕ್ಕ ಅಡುಗೆಮನೆಯಿಂದ ಒಂದು ಬಟ್ಟಲು ತೆಗೆದುಕೊಂಡು, ಒಂದೊಂದೇ ಮೆಟ್ಟಿಲು ಹತ್ತಿ ಹೋಗಿ ಬಾಗಿಲು ಬಡಿದಳು. ಹಾಲಿಗೆ ಹಾಕಲು ಒಂದು ಚಮಚ ಮೊಸರು ಬೇಕಿತ್ತು, ಹೆಪ್ಪಿಗೆ ಎಂದು ಕೇಳಿದಳು. ಫ್ರಿಜ್ಜಿನಲ್ಲಿ ನಮ್ಮದೇ ಮೊಸರು ಒಂದು ಪಾತ್ರೆ ಇತ್ತು. ಮಳೆ, ಹಸು, ಬಸ್ಸು ಎಂದು ಏನೇನೋ ಮಾತಾಡುತ್ತ ಆ ಹುಡುಗಿಯ ಎದುರು ಬಹಳ ಹೊತ್ತು ನಿಂತು ಇಳಿದು ಬಂದಳು. ಅಲ್ಲಿಂದಾಚೆಗೆ ಮೇಲೆ ಸದ್ದಾದಾಗಲೆಲ್ಲ ನಮ್ಮ ಮನೆಯಿಂದ ಯಾರಾದರೊಬ್ಬರು ಬಟ್ಟಲು ಹಿಡಿದುಕೊಂಡು ಹೋಗುತ್ತೇವೆ.

ಹೋದ ಭಾನುವಾರ ನಾನು ಹೋಗಿದ್ದೆ. ಹುಡುಗ ಬಾಗಿಲನ್ನು ಅರ್ಧ ಮಾತ್ರ ತೆಗೆದು, "ಏನ್ ಅಂಕಲ್, ನಿಮ್ಮನೇಲಿ ಯಾವಾಗ್ಲೂ ಮೊಸರು ಇರಲ್ವಾ?" ಎಂದ.

"ಇರಲ್ಲಪ್ಪ" ಎಂದೆ. "ನಿನ್ನ ಹೆಂಡ್ತೀನ ಕರಿ, ಇಸ್ಕೊಂಡು ಹೋಗ್ತೀನಿ."

ಅವನು ಕದಲಲಿಲ್ಲ. ನಾನೂ ಕದಲಲಿಲ್ಲ. ಆ ಹುಡುಗಿ ಹೊರಗೆ ಬರುವವರೆಗೂ ಬಟ್ಟಲು ಹಿಡಿದುಕೊಂಡು ಅಲ್ಲೇ ನಿಂತಿದ್ದೆ.